ಬೆಕ್ಕಿನ ಚೆಲ್ಲಾಟದಲ್ಲಿ ನಮ್ಮ ಪಾಲು

'ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ' ಎಂಬ ಗಾದೆಯನ್ನು ನಾವು ಬೆಕ್ಕಿನ ಬಗ್ಗೆ ಹೇಳುವುದು ಬಹಳ ಕಡಿಮೆ. ಕಚೇರಿಗೆ ಹತ್ತು ಸಲ ಅಲೆಸುವ ಅಧಿಕಾರಿಯ ಬಗ್ಗೆ ಹೇಳುತ್ತೇವೆ, ಬಡ್ಡಿಗೆ ಸಾಲ ಕೊಟ್ಟವನ ಬಗ್ಗೆ ಹೇಳುತ್ತೇವೆ. ಹೇಳಿ ಹೇಳಿ ಗಾದೆ ಎಷ್ಟು ಸವೆದಿದೆಯೆಂದರೆ, ಅದರೊಳಗೆ ನಿಜವಾದ ಒಂದು ಬೆಕ್ಕು ಮತ್ತು ನಿಜವಾದ ಒಂದು ಇಲಿ ಇರುವುದನ್ನೇ ಮರೆತಿದ್ದೇವೆ. ಒಮ್ಮೆ ಅವುಗಳನ್ನೇ ನೋಡೋಣ. ಅಲ್ಲಿ ಸುಲಭವಲ್ಲದ ಒಂದು ನೈತಿಕ ಪ್ರಶ್ನೆಯಿದೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆಯ ಹಳ್ಳಿಮನೆಗಳಲ್ಲಿ ಬೆಕ್ಕು ಶೋಕಿಗೆ ಸಾಕಿದ ಪ್ರಾಣಿಯಲ್ಲ. ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಮುಡಿಗಳನ್ನು ಅಟ್ಟದಲ್ಲಿಡುತ್ತಿದ್ದ ಕಾಲದಲ್ಲಿ ಬೆಕ್ಕಿಲ್ಲದ ಮನೆಯೆಂದರೆ ಇಲಿಗೆ ಬಾಗಿಲು ತೆರೆದಿಟ್ಟ ಮನೆ. ಇಂದು ಅಕ್ಕಿ ಅಂಗಡಿಯಿಂದ ಚೀಲದಲ್ಲಿ ಬರುತ್ತದೆ. ಆದರೂ ಅಡಿಕೆ ತೋಟ, ತೆಂಗಿನಕಾಯಿ ರಾಶಿ, ಹಟ್ಟಿ, ಸೌದೆ ಕೊಟ್ಟಿಗೆ ಇರುವಲ್ಲಿ ಇಲಿಯೂ ಇದೆ. ಮಳೆಗಾಲದಲ್ಲಿ ಇಲಿಜ್ವರದ ಭಯವೂ ಈ ಜಿಲ್ಲೆಗೆ ಹೊಸತಲ್ಲ. ಹಾಗಾಗಿ ಗಂಜಿಯ ಶೇಷ, ಬೂತಾಯಿ ಬಂಗುಡೆಯ ತಲೆ ತಿಂದುಕೊಂಡು ಬೆಕ್ಕು ಈಗಲೂ ನಮ್ಮ ಅಡುಗೆಮನೆಯ ಹೊಸ್ತಿಲಲ್ಲೇ ಇದೆ. ತುಳುವಿನಲ್ಲಿ ಅದು 'ಪುಚ್ಚೆ'.

ಇಂಥ ಬೆಕ್ಕು ಹೊಟ್ಟೆ ತುಂಬ ತಿಂದು, ಮೈ ನೆಕ್ಕಿಕೊಂಡು, ಅಂಗಳಕ್ಕಿಳಿಯುತ್ತದೆ. ಒಂದು ಸುಂಡಿಲಿ ಕಾಣುತ್ತದೆ. ನೆಲಕ್ಕೆ ಅಂಟಿದಂತೆ ಕೂರುತ್ತದೆ, ಹಿಂಭಾಗವನ್ನು ಸಣ್ಣಗೆ ಆಡಿಸುತ್ತದೆ, ಹಾರಿ ಹಿಡಿಯುತ್ತದೆ. ಹಿಡಿದದ್ದನ್ನು ಕೊಲ್ಲದೆ ಬಿಡುತ್ತದೆ. ಇಲಿ ಎರಡು ಹೆಜ್ಜೆ ಓಡುತ್ತದೆ, ಬೆಕ್ಕು ಕೈಯಿಂದ ತಟ್ಟಿ ಉರುಳಿಸುತ್ತದೆ, ಮತ್ತೆ ಬಿಡುತ್ತದೆ. ಹೀಗೆ ಎಷ್ಟೋ ಹೊತ್ತು. ಕೊನೆಗೆ ಇಲಿ ಅಲುಗಾಡದೆ ಬಿದ್ದಾಗ ಅದನ್ನು ತಿನ್ನದೆ ಅಲ್ಲೇ ಬಿಟ್ಟು ಹೋಗುವುದೂ ಉಂಟು. ನೋಡುವ ಮಕ್ಕಳು ನಗುತ್ತಾರೆ. ಮನೆಯ ಹಿರಿಯರೊಬ್ಬರಿಗೆ ಅಸಹ್ಯವಾಗುತ್ತದೆ: 'ತಿನ್ನುವುದಾದರೆ ತಿಂದುಬಿಡಬಾರದೇ? ಹೀಗೆ ಹಿಂಸಿಸುವುದೇಕೆ?'

ಈ ಪ್ರಶ್ನೆಗೆ ಪ್ರಾಣಿಶಾಸ್ತ್ರ ಒಂದು ಮಟ್ಟಿಗೆ ಉತ್ತರ ಕೊಡುತ್ತದೆ. ಬೆಕ್ಕಿನಲ್ಲಿ ಹಸಿವು ಮತ್ತು ಬೇಟೆ ಒಂದೇ ಹಗ್ಗದ ಎರಡು ತುದಿಗಳಲ್ಲ. ಜರ್ಮನಿಯ ಪೌಲ್ ಲೈಹೌಸೆನ್ ಬೆಕ್ಕುಗಳನ್ನು ವರ್ಷಗಟ್ಟಲೆ ಗಮನಿಸಿ, ಹೊಂಚುವುದು, ಹಿಡಿಯುವುದು, ಕೊಲ್ಲುವುದು, ತಿನ್ನುವುದು ಇವು ಬೇರೆ ಬೇರೆ ಪ್ರೇರಣೆಗಳೆಂದು ತೋರಿಸಿದರು. 1976ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಊಟ ಮಾಡುತ್ತಿದ್ದ ಬೆಕ್ಕುಗಳು ಇಲಿಯನ್ನು ಕಂಡೊಡನೆ ತಟ್ಟೆ ಬಿಟ್ಟು ಹೋಗಿ ಅದನ್ನು ಕೊಂದು, ಮತ್ತೆ ತಟ್ಟೆಗೇ ಮರಳಿ ಊಟ ಮುಂದುವರಿಸಿದವು. ಇದರಲ್ಲಿ ವಿಚಿತ್ರವೇನಿಲ್ಲ. ಒಂಟಿಯಾಗಿ ಬೇಟೆಯಾಡುವ ಸಣ್ಣ ಪ್ರಾಣಿಗೆ ದಿನಕ್ಕೆ ಹಲವು ಇಲಿಗಳು ಬೇಕು, ಎಷ್ಟೋ ಪ್ರಯತ್ನಗಳು ವಿಫಲವಾಗುತ್ತವೆ. ಹಸಿವಾದ ಮೇಲೆಯೇ ಬೇಟೆಗೆ ಹೊರಡುವ ಬೆಕ್ಕು ಬದುಕಿ ಉಳಿಯಲಾರದು.

ಬಿಟ್ಟು ಹಿಡಿಯುವ ಆಟಕ್ಕೂ ಕಾರಣವಿದೆ. ಬೆಕ್ಕು ಕೊಲ್ಲುವುದು ಕತ್ತಿನ ಹಿಂಭಾಗಕ್ಕೆ ಬಾಯಿ ಹಾಕಿ. ಅಷ್ಟು ಹತ್ತಿರ ಮುಖವೊಡ್ಡಿದಾಗ ಹೆಗ್ಗಣವೋ ದೊಡ್ಡ ಇಲಿಯೋ ತಿರುಗಿ ಕಚ್ಚಿದರೆ ಕಣ್ಣು ಹೋದೀತು. ಬೇಟೆ ದೊಡ್ಡದಾದಷ್ಟೂ ಬೆಕ್ಕಿನ 'ಆಟ' ಹೆಚ್ಚುವುದನ್ನು ಅಧ್ಯಯನಗಳು ಗುರುತಿಸಿವೆ. ನಮಗೆ ಚೆಲ್ಲಾಟವಾಗಿ ಕಾಣುವುದರಲ್ಲಿ ಅದರ ಅಳುಕೂ ಬೆರೆತಿದೆ. ತಾಯಿಬೆಕ್ಕು ಅರೆಜೀವದ ಬೇಟೆಯನ್ನು ತಂದು ಮರಿಗಳ ಮುಂದೆ ಬಿಡುವುದಂತೂ ಅವುಗಳ ಪಾಠಶಾಲೆ.

ಹಾಗಾದರೆ ಬೆಕ್ಕು ಕ್ರೂರಿಯೇ? ಕ್ರೌರ್ಯವೆಂದರೆ ನೋವು ಕೊಡುವುದಷ್ಟೇ ಅಲ್ಲ. ಮುಳ್ಳೂ ನೋವು ಕೊಡುತ್ತದೆ, ಸಿಡಿಲೂ ಕೊಲ್ಲುತ್ತದೆ. ಎದುರಿನ ಜೀವಕ್ಕೆ ನೋವಾಗುತ್ತಿದೆಯೆಂದು ತಿಳಿದು, ಬೇರೆ ದಾರಿಯಿದ್ದೂ, ನೋವನ್ನೇ ಆರಿಸಿಕೊಂಡಾಗ ಅದು ಕ್ರೌರ್ಯವಾಗುತ್ತದೆ. ಬೆಕ್ಕಿನ ಕಣ್ಣಿಗೆ ಚಲಿಸುವ ಒಂದು ವಸ್ತು ಕಾಣುತ್ತದೆ. ಆ ವಸ್ತುವಿನ ಒಳಗಿನ ಭಯ ಅದಕ್ಕೆ ತಿಳಿಯುತ್ತದೆಯೆಂದು ನಂಬಲು ಕಾರಣವಿಲ್ಲ; ದಾರದ ತುದಿಗೆ ಕಟ್ಟಿದ ಒಣಗಿದ ಎಲೆಯ ಮೇಲೂ ಅದು ಅದೇ ಉತ್ಸಾಹದಿಂದ ಎರಗುತ್ತದೆ. ಗಾದೆಯ ಮೊದಲರ್ಧ ಮಾತ್ರ ಬೆಕ್ಕಿಗೆ ಗೊತ್ತು. ಎರಡನೆಯ ಅರ್ಧ ಇಲಿಗೆ ಗೊತ್ತು. ಇಡೀ ಗಾದೆಯನ್ನು ಹೇಳಬಲ್ಲವನು ಮನುಷ್ಯನೊಬ್ಬನೇ. ಆದ್ದರಿಂದ ಹೊಣೆಗಾರಿಕೆಯೂ ಅವನಿಂದಲೇ ಶುರುವಾಗುತ್ತದೆ.

ಮೂಡುಬಿದಿರೆಯಂತಹ ಊರಿನಲ್ಲಿ ನಿಂತು ಈ ಮಾತು ಹೇಳುವಾಗ ಇನ್ನೊಂದು ದೃಷ್ಟಿಯನ್ನೂ ನೆನೆಯಬೇಕು. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಈ ಊರು ಅಹಿಂಸೆಯನ್ನು ಪರಮಧರ್ಮವೆಂದ ಜೈನರ ಕಾಶಿ. ಸಿಂಹ ಮತ್ತು ಹಸು ಒಂದೇ ಪಾತ್ರೆಯಲ್ಲಿ ನೀರು ಕುಡಿಯುವ ದೃಶ್ಯ ಜೈನ ಕಲೆಯಲ್ಲಿ ಪರಿಚಿತ. ಅದು ಬೇಟೆಯೇ ಇಲ್ಲದ ಲೋಕದ ಕನಸು. ಕನಸು ದೊಡ್ಡದೇ. ಆದರೆ ಅದನ್ನು ಕಂಡವನು ಮನುಷ್ಯ. ಅದಕ್ಕೆ ತಕ್ಕಂತೆ ನಡೆಯಬೇಕಾದವನೂ ಅವನೇ. ಬೆಕ್ಕಿಗೆ ಅನ್ನ ಮಾತ್ರ ಹಾಕಿ ಸಾಧುವಾಗು ಎಂದರೆ ಅದು ಸೊರಗುತ್ತದೆ. ಮಾಂಸದಲ್ಲಿ ಮಾತ್ರ ಸಿಗುವ ಕೆಲವು ಸತ್ವಗಳಿಲ್ಲದೆ ಬೆಕ್ಕಿನ ದೇಹ ಉಳಿಯದು.

ಇಸ್ಲಾಮಿನ ಪರಂಪರೆಯಲ್ಲಿ ಬೆಕ್ಕಿಗೆ ಸಲಿಗೆಯ ಸ್ಥಾನವಿದೆ. ಮನೆಯಲ್ಲಿ ಸುತ್ತಾಡುವ ಅದರ ಬಾಯಿ ತಾಗಿದ ನೀರು ಅಶುದ್ಧವಲ್ಲ. ಪ್ರವಾದಿ ಮುಹಮ್ಮದ್(ಸ)ರ ಪ್ರಸಿದ್ಧ ಸಂಗಾತಿ ಅಬೂ ಹುರೈರಾ(ರ)ರ ಹೆಸರಿನಲ್ಲೇ ಬೆಕ್ಕಿನ ಮರಿಯಿದೆ. ಬೆಕ್ಕನ್ನು ಕಟ್ಟಿಹಾಕಿ ಸಾಯಿಸಿ ನರಕಕ್ಕೆ ಗುರಿಯಾದ ಮಹಿಳೆಯ ಹದೀಸನ್ನು ಅನೇಕರು ಕೇಳಿರುತ್ತಾರೆ. ಆದರೆ ಆಕೆಯ ಮೇಲಿನ ಆರೋಪದಲ್ಲಿ ಎರಡು ಭಾಗಗಳಿರುವುದನ್ನು ಗಮನಿಸಬೇಕು. ತಾನೂ ಉಣಿಸಲಿಲ್ಲ ಎಂಬುದು ಒಂದು. ನೆಲದ ಹುಳಹುಪ್ಪಟೆಗಳನ್ನು ತಿಂದು ಬದುಕಲು ಅದನ್ನು ಬಿಡಲೂ ಇಲ್ಲ ಎಂಬುದು ಇನ್ನೊಂದು. ಅಂದರೆ ಬೆಕ್ಕಿನ ಬೇಟೆಯನ್ನು ಅದರ ಬದುಕಿನ ಹಕ್ಕೆಂದು ಒಪ್ಪಲಾಗಿದೆ. ತಪ್ಪು ಹೊರಿಸಿದ್ದು ಅದನ್ನು ಹಿಡಿದಿಟ್ಟ ಮನುಷ್ಯಳ ಮೇಲೆ.

ಈ ಹೊಣೆ ಇಂದು ಇನ್ನಷ್ಟು ತೊಡಕಾಗಿದೆ. ಕಾಡಿನ ಬೇಟೆಗಾರ ಪ್ರಾಣಿಯ ಸಂಖ್ಯೆಯನ್ನು ಬೇಟೆಯೇ ನಿಯಂತ್ರಿಸುತ್ತದೆ. ಇಲಿ ಕಡಿಮೆಯಾದರೆ ಕಾಡುಬೆಕ್ಕೂ ಕಡಿಮೆಯಾಗುತ್ತದೆ. ಆದರೆ ಮನೆಬೆಕ್ಕಿಗೆ ನಾವು ಊಟ ಹಾಕುತ್ತೇವೆ. ಅದರ ಸುತ್ತಲಿನ ಹಕ್ಕಿಗಳೆಲ್ಲ ಮುಗಿದರೂ ಅದು ಉಪವಾಸ ಬೀಳುವುದಿಲ್ಲ. ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದ ಒಂದು ಅಂದಾಜಿನ ಪ್ರಕಾರ ಹೊರಗೆ ಓಡಾಡುವ ಬೆಕ್ಕುಗಳು ಆ ದೇಶದಲ್ಲಿ ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ. ಅದರಲ್ಲಿ ಹೆಚ್ಚಿನ ಪಾಲು ಒಡೆಯರಿಲ್ಲದ ಬೆಕ್ಕುಗಳದ್ದು. ನ್ಯೂಜಿಲೆಂಡಿನ ಸ್ಟೀಫನ್ಸ್ ದ್ವೀಪದಲ್ಲಿ 1894ರಲ್ಲಿ ದೀಪಸ್ತಂಭ ಶುರುವಾದಾಗ ಜನರೊಡನೆ ಬೆಕ್ಕೂ ಬಂತು. ಹಾರಲು ಬಾರದ ಒಂದು ಪುಟ್ಟ ಹಕ್ಕಿ ಕೆಲವೇ ವರ್ಷಗಳಲ್ಲಿ ಅಲ್ಲಿಂದ, ಅಂದರೆ ಭೂಮಿಯಿಂದಲೇ, ಅಳಿದುಹೋಯಿತು.

ನಮ್ಮಲ್ಲಿ ಪರಿಸ್ಥಿತಿ ಅಷ್ಟು ಭೀಕರವಲ್ಲದಿರಬಹುದು. ಇಲ್ಲಿನ ಹಕ್ಕಿಗಳು ಕಾಡುಬೆಕ್ಕು, ಪುನುಗುಬೆಕ್ಕು, ಕೇರೆಹಾವುಗಳ ನಡುವೆಯೇ ಬಾಳಿದವು. ಆದರೂ ಬೆಳ್ತಂಗಡಿಯ ಪೂರ್ವದಂಚು ಕುದುರೆಮುಖದ ಕಾಡಿಗೆ ತಾಗಿದೆ. ತೋಟದ ಪಿಕಳಾರ, ಮಡಿವಾಳ ಹಕ್ಕಿ, ಸೂರಕ್ಕಿ, ಅಡಿಕೆ ಮರದಿಂದ ಮರಕ್ಕೆ ತೇಲುವ ಹಾರುವ ಓತಿ, ಇವು ಯಾವುವೂ ನಮ್ಮ ಅಕ್ಕಿ ಕದಿಯಲು ಬಂದವಲ್ಲ. ಇಲಿಗಾಗಿ ಸಾಕಿದ ಬೆಕ್ಕು ಇವುಗಳ ಮರಿಗಳನ್ನು ಹಿಡಿದಾಗ 'ಅದು ಪ್ರಕೃತಿ' ಎಂದು ಕೈತೊಳೆದುಕೊಳ್ಳುವುದು ಪೂರ್ತಿ ಪ್ರಾಮಾಣಿಕವಾಗದು. ಆ ಬೆಕ್ಕಿನ ಅರ್ಧ ಬಲ ನಮ್ಮ ತಟ್ಟೆಯಿಂದ ಬಂದದ್ದು.

'ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?' ಎಂದು ಕೇಳುತ್ತಾರೆ. ಇಲ್ಲಿ ಉತ್ತರ ಸ್ಪಷ್ಟ: ಊಟ ಹಾಕಿದವರು. ಆದರೆ ಗಂಟೆಯೊಂದೇ ಸಾಲದು. ಇಂಗ್ಲೆಂಡಿನಲ್ಲಿ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಂಟೆಯಿಂದ ಸ್ಪಷ್ಟ ಪ್ರಯೋಜನ ಕಾಣಲಿಲ್ಲ. ಬದಲಿಗೆ, ಧಾನ್ಯವಿಲ್ಲದ ಹೆಚ್ಚು ಮಾಂಸದ ಆಹಾರ ಕೊಟ್ಟಾಗ ಬೆಕ್ಕುಗಳು ಮನೆಗೆ ತಂದ ಬೇಟೆ ಶೇ. 36ರಷ್ಟು ಇಳಿಯಿತು. ದಿನಕ್ಕೆ ಐದು ಹತ್ತು ನಿಮಿಷ ಮನೆಯವರು ಆಟವಾಡಿಸಿದಾಗ ಶೇ. 25ರಷ್ಟು ಇಳಿಯಿತು. ದಾರಕ್ಕೆ ಕಟ್ಟಿದ ಗರಿಯ ಹಿಂದೆ ಬೆಕ್ಕು ಓಡಿದರೆ ಅದರ ಆಟವೂ ನಡೆಯುತ್ತದೆ, ಯಾರ ಪ್ರಾಣಕ್ಕೂ ಸಂಕಟವಿಲ್ಲ. ಮೀನಿನ ತಲೆಯನ್ನು ಜಿಪುಣತನವಿಲ್ಲದೆ ಹಾಕಬಹುದು. ಹಕ್ಕಿಗಳು ಗೂಡು ಕಟ್ಟುವ ಬೇಸಿಗೆಯ ತಿಂಗಳುಗಳಲ್ಲಿ ಮುಂಜಾನೆ ಮತ್ತು ಮುಸ್ಸಂಜೆ ಒಳಗಿಟ್ಟುಕೊಳ್ಳಬಹುದು. ಸಾಕಲಾಗದಷ್ಟು ಮರಿಗಳು ಹುಟ್ಟಿದಾಗ ಗೋಣಿಯಲ್ಲಿ ಹಾಕಿ ದೂರದ ಪೇಟೆಯ ಮೀನು ಮಾರುಕಟ್ಟೆಯಲ್ಲಿ ಬಿಟ್ಟು ಬರುವ ಅಭ್ಯಾಸವನ್ನಂತೂ ನಿಲ್ಲಿಸಬೇಕು. ಪಶುವೈದ್ಯರಿಂದ ಸಂತಾನಹರಣ ಮಾಡಿಸುವುದು ಬೆಕ್ಕಿಗೂ ಹಕ್ಕಿಗೂ ಒಳ್ಳೆಯದು.

ಇನ್ನು ಆಟ ನಡೆಯುತ್ತಿರುವಾಗ ನಾವೇನು ಮಾಡಬೇಕು? ಹಕ್ಕಿಮರಿಯಾದರೆ ಬಿಡಿಸಬೇಕು; ಹಲ್ಲು ತಾಗಿದ್ದರೆ ಸೋಂಕಿನಿಂದ ಸಾಯಬಹುದಾದ್ದರಿಂದ ಪಶುವೈದ್ಯರಿಗೆ ತೋರಿಸಬೇಕು. ಇಲಿಯಾದರೆ ಬೆಕ್ಕಿನ ಪಾಲಿಗೆ ಬಿಡಬೇಕಾದೀತು. ಆದರೆ ನಿಂತು ನೋಡಿ ಮಜಾ ತೆಗೆದುಕೊಳ್ಳುವುದು, ಓಡಲೆತ್ನಿಸುವ ಇಲಿಯನ್ನು ಕಾಲಿನಿಂದ ಮತ್ತೆ ಬೆಕ್ಕಿನತ್ತ ದೂಡುವುದು, ಮೊಬೈಲಿನಲ್ಲಿ ಚಿತ್ರೀಕರಿಸಿ ಹಂಚುವುದು, ಇವು ಬೆಕ್ಕಿನ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ಇಡೀ ಗಾದೆ ಗೊತ್ತಿದ್ದವನು ಮೊದಲರ್ಧವನ್ನು ಮಾತ್ರ ಉಳಿಸಿಕೊಂಡಿದ್ದಾನೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಕೂಡ, ಬರೀ ಮನರಂಜನೆಗಾಗಿ ಒಂದು ಪ್ರಾಣಿಯನ್ನು ಕೂಡಿಹಾಕಿ ಇನ್ನೊಂದಕ್ಕೆ ಬೇಟೆಯಾಗಿಸುವುದನ್ನು ಅಪರಾಧವೆನ್ನುತ್ತದೆ. ಹಕ್ಕಿಯೊಂದನ್ನು ಕಟ್ಟಿ ಬಾಣದ ಗುರಿಯಾಗಿಸಿ ಆಡುತ್ತಿದ್ದ ಯುವಕರು ಇಬ್ನು ಉಮರ್(ರ)ರನ್ನು ಕಂಡೊಡನೆ ಚದುರಿದರೆಂದು ಹದೀಸ್‌ಗಳಲ್ಲಿದೆ. ಜೀವವಿರುವುದನ್ನು ಗುರಿಯಾಗಿಸುವವನನ್ನು ಪ್ರವಾದಿ(ಸ) ಶಪಿಸಿದ್ದಾರೆಂದು ಅವರು ಹೇಳಿದರು. ಆ ಯುವಕರು ಓಡಿದ್ದನ್ನು ಗಮನಿಸಿ. ಯಾರೂ ಕಲಿಸುವ ಮೊದಲೇ ಅದು ತಪ್ಪೆಂದು ಅವರಿಗೆ ಗೊತ್ತಿತ್ತು. ಬೆಕ್ಕು ಹಾಗೆ ನಾಚಿ ಓಡುವುದಿಲ್ಲ.

ಮಕ್ಕಳಿಗೆ ಈ ವ್ಯತ್ಯಾಸವನ್ನು ಅಂಗಳದಲ್ಲೇ ಹೇಳಿಕೊಡಬೇಕಾಗಿದೆ. ಏಕೆಂದರೆ ಅಂಗಳದಾಚೆ ಅವರು ಕಾಣುವ ಆಟಗಳು ಬೇರೆ. ಹಾಸ್ಟೆಲಿಗೆ ಹೊಸದಾಗಿ ಬಂದ ಹುಡುಗನನ್ನು ನಡುರಾತ್ರಿ ಎಬ್ಬಿಸಿ ಕುಣಿಸುವವರು 'ತಮಾಷೆಗೆ' ಎನ್ನುತ್ತಾರೆ. ಬಸ್ಸಿನಲ್ಲಿ ಜೊತೆಗೆ ಕುಳಿತ ಹುಡುಗ ಹುಡುಗಿಯ ಹೆಸರು ಕೇಳಿ, ಬೆನ್ನಟ್ಟಿ, ಸುತ್ತುವರಿದು, ಬಿಟ್ಟಂತೆ ಮಾಡಿ ಮತ್ತೆ ಹಿಡಿಯುವ ಗುಂಪುಗಳನ್ನು ನಮ್ಮ ಜಿಲ್ಲೆ ಕಂಡಿದೆ. ಇವರ ಹೊಟ್ಟೆ ಹಸಿದಿಲ್ಲ, ಎದುರಿನವನಿಂದ ಇವರಿಗೆ ಅಪಾಯವೂ ಇಲ್ಲ. ಎದುರಿನವನ ಮುಖದಲ್ಲಿರುವ ಭಯ ಇವರಿಗೆ ಚೆನ್ನಾಗಿ ಕಾಣುತ್ತದೆ. ಅದನ್ನು ಕಾಣಲೆಂದೇ ಆಟ ನಡೆಯುತ್ತದೆ. ಇಂಥವರಿಗೆ ಬೆಕ್ಕಿನ ಹೋಲಿಕೆ ಕೊಟ್ಟರೆ ಅನ್ಯಾಯವಾಗುವುದು ಬೆಕ್ಕಿಗೆ.

ಹೊಸ್ತಿಲಲ್ಲಿ ಮಲಗಿದ ಪ್ರಾಣಿಯಿಂದ ದಯೆಯನ್ನು ನಿರೀಕ್ಷಿಸುವ ಹಕ್ಕು ನಮಗಿಲ್ಲ. ಅದಕ್ಕೆ ಊಟ, ಆಟ, ಒಂದಿಷ್ಟು ಎಚ್ಚರದ ಕಾವಲು ಕೊಡುವುದು ನಮ್ಮ ಕೆಲಸ. ದಯೆಯನ್ನು ನಿರೀಕ್ಷಿಸಬೇಕಾದದ್ದು ಅದಕ್ಕೆ ಊಟ ಹಾಕುವ ಕೈಯಿಂದ, ಮತ್ತು ಪಕ್ಕದಲ್ಲಿ ನಿಂತು ನೋಡುವ ಕಣ್ಣಿನಿಂದ.