ಮೈದಾನ ಕಾಯುವವರು

ಕಳೆದ ಚಳಿಗಾಲದ ಒಂದು ಭಾನುವಾರ ಗೋರ್ಟಾ (ಬಿ)ಯಿಂದ ನಾವು ಹನ್ನೊಂದು ಜನ ಒಂದೇ ಕ್ರೂಸರ್ ಗಾಡಿಯಲ್ಲಿ ಒತ್ತಿಕೊಂಡು ಕೂತು ಫುಟ್‌ಬಾಲ್ ನೋಡಲು ಹೊರಟೆವು. ಬೀದರ್ ಸೀಮೆಯ ಆಚೆಯವರು ಊರಿನ ಹೆಸರಿನ ಮುಂದಿರುವ ಈ 'ಬಿ' ಏನೆಂದು ಕೇಳುವುದುಂಟು. ನಮ್ಮ ಕಡೆ ಒಂದೇ ಹೆಸರಿನ ಎರಡು ಊರುಗಳಿದ್ದರೆ ದೊಡ್ಡದಕ್ಕೆ 'ಬುಜುರ್ಗ್', ಚಿಕ್ಕದಕ್ಕೆ 'ಖುರ್ದ್' ಎಂದು ಹಳೆಯ ದಫ್ತರಗಳಲ್ಲಿ ಬರೆಯುತ್ತಿದ್ದರು. ಅದೇ ಸವೆದು 'ಬಿ' ಮತ್ತು 'ಕೆ' ಆಗಿ ಉಳಿದಿದೆ. ಬುಜುರ್ಗ್ ಎಂದರೆ ಹಿರಿಯ. ಹಿರಿಯ ಊರಿಗೆ ನೆನಪುಗಳೂ ಹೆಚ್ಚು. ಆ ಮಾತು ಮುಂದೆ ಬರುತ್ತದೆ.

ಆಡುವವರು ನಮ್ಮ ಕಡೆಯ ಒಂದು ಸಣ್ಣ ಕ್ಲಬ್ಬಿನ ಹುಡುಗರು. ಕ್ಲಬ್ ಎಂದರೆ ಎರಡು ಚೆಂಡು, ಗಾಳಿ ತುಂಬುವ ಒಂದು ಪಂಪು, ಒಂದು ಗ್ಯಾರೇಜಿನ ಗೋಡೆಗೆ ನೇತುಹಾಕಿದ ಹದಿನೈದು ಹಸಿರು ಜೆರ್ಸಿ, ಅಷ್ಟೇ. ಲಿಂಗಾಯತರ ಹುಡುಗರಿದ್ದಾರೆ, ಮುಸ್ಲಿಮರ, ದಲಿತರ, ಮರಾಠರ ಹುಡುಗರಿದ್ದಾರೆ. ಜೆರ್ಸಿ ಹಸಿರಾದುದಕ್ಕೆ ಅಂಗಡಿಯಲ್ಲಿ ಆ ಬಣ್ಣ ಅಗ್ಗವಾಗಿ ಸಿಕ್ಕಿದ್ದೇ ಕಾರಣ. ಆದರೆ ಆ ಸಂಜೆ ಮೈದಾನದ ಗೇಟಿನಲ್ಲಿ ಮೊದಲು ಕೇಳಿಬಂದ ಪ್ರಶ್ನೆ, "ಈ ಬಣ್ಣ ಯಾಕ?" ಎಂಬುದೇ ಆಗಿತ್ತು.

ಪ್ರೇಕ್ಷಕರು ಹೆಚ್ಚೆಂದರೆ ಮುನ್ನೂರು ಜನ. ಪೊಲೀಸರು ಎರಡು ವ್ಯಾನ್ ತುಂಬ ಬಂದಿದ್ದರು. ಗೇಟಿಗೆ ಅಡ್ಡ ಬ್ಯಾರಿಕೇಡು. ಒಳಹೋಗುವ ಪ್ರತಿಯೊಬ್ಬರ ಹೆಸರು, ಮೊಬೈಲ್ ನಂಬರು, ಬೈಕಿನ ನಂಬರು ಒಂದು ನೋಟ್‌ಬುಕ್ಕಿನಲ್ಲಿ ದಾಖಲಾಯಿತು. ಹುಡುಗರು ತಂದಿದ್ದ ಹಲಗೆಯನ್ನು ಕಿತ್ತಿಟ್ಟುಕೊಂಡರು. ಹಗ್ಗದಾಚೆ ನೆಲದ ಮೇಲೆ ಕೂರಬೇಕು, ಏಳಬಾರದು. ಗೋಲು ಬಿದ್ದಾಗ ಹುಡುಗರು ಎದ್ದು ಕುಣಿದರೆ ಲಾಠಿಗಳು ನೆಲ ಬಡಿಯುತ್ತಿದ್ದವು. ಆಟ ಮುಗಿದ ಮೇಲೂ, ಎದುರು ತಂಡದವರು ಊರು ದಾಟಲಿ ಎಂದು, ಒಂದು ಗಂಟೆ ಹೊತ್ತು ಗೇಟು ತೆರೆಯಲಿಲ್ಲ. ನಮ್ಮ ಜೊತೆಗಿದ್ದ ಎಪ್ಪತ್ತು ದಾಟಿದ ಹಿರಿಯರೊಬ್ಬರು ಮೂತ್ರಕ್ಕೆ ಹೋಗಲು ಮೂರು ಸಲ ಕೈಮುಗಿಯಬೇಕಾಯಿತು. ನಮ್ಮ ಹುಡುಗರು ಗೆದ್ದಿದ್ದರು. ಆದರೆ ಗಾಡಿಯಲ್ಲಿ ಮರಳುವಾಗ ಒಬ್ಬರೂ ಆಟದ ಮಾತು ಎತ್ತಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ನಾವು ಅರ್ಧ ಸತ್ಯ ಹೇಳಿದಂತಾಗುತ್ತದೆ. ಅದರ ಹಿಂದಿನ ವರ್ಷ ಅದೇ ಮೈದಾನದಲ್ಲಿ ಜಗಳವಾಗಿತ್ತು. ಒಂದು ಪೆನಾಲ್ಟಿ ವಿಷಯಕ್ಕೆ ಮಾತು ಬೆಳೆದು ಕುರ್ಚಿಗಳು ಮುರಿದಿದ್ದವು, ಒಬ್ಬನ ಹಣೆ ಒಡೆದಿತ್ತು. ಕುರ್ಚಿ ಎತ್ತಿದವರಲ್ಲಿ ನಮ್ಮ ಕಡೆಯವರೂ ಇದ್ದರು. ನಮ್ಮ ಹರೆಯದಲ್ಲಿ ನಾವೂ ಒಮ್ಮೆ ರೆಫರಿಯ ಕಡೆಗೆ ಕಲ್ಲು ಬೀಸಿದ್ದುಂಟು. ಅದು ಅವನಿಗೆ ತಾಗಲಿಲ್ಲವೆಂಬುದು ನಮ್ಮ ಪುಣ್ಯವೇ ಹೊರತು ನಮ್ಮ ಒಳ್ಳೆಯತನವಲ್ಲ. ಒಬ್ಬಂಟಿಯಾಗಿ ಮಾಡದ ಕೆಲಸವನ್ನು ಮನುಷ್ಯ ಗುಂಪಿನಲ್ಲಿ ನಿಂತು ಮಾಡುತ್ತಾನೆ. ಪೊಲೀಸರಿಗೆ ಇದು ಗೊತ್ತಿದೆ. ಹಾಗಾದರೆ ಅವರು ಮಾಡಿದ್ದರಲ್ಲಿ ತಪ್ಪೇನು?

ಪ್ರಶ್ನೆಯನ್ನು ಸರಿಯಾಗಿ ಇಟ್ಟುಕೊಳ್ಳೋಣ. ಇನ್ನೂ ಏನೂ ಮಾಡದವನನ್ನು, ನಾಳೆ ಏನಾದರೂ ಮಾಡಬಹುದಾದವನು ಎಂದು ನೋಡುವುದು ಮುನ್ನೆಚ್ಚರಿಕೆಯೋ ಅನ್ಯಾಯವೋ? ಒಬ್ಬ ಕುರ್ಚಿ ಎಸೆದದ್ದಕ್ಕೆ ಮುನ್ನೂರು ಜನರ ಹೆಸರು ಬರೆದುಕೊಳ್ಳುವುದು ನ್ಯಾಯವೇ?

ಪೊಲೀಸರೇ ಬೇಡ ಎಂದು ಸಿಟ್ಟಿನಲ್ಲಿ ಹೇಳಿಬಿಡುವುದು ಸುಲಭ. ಆದರೆ ಗೋರ್ಟಾದಲ್ಲಿ ನಿಂತು ಆ ಮಾತು ಆಡಲಾಗದು. 1948ರ ಮೇ ತಿಂಗಳಲ್ಲಿ ರಜಾಕಾರರು ಈ ಊರಿನ ಮೇಲೆ ಬಿದ್ದು ಹಿಂದೂಗಳ ಕಗ್ಗೊಲೆ ಮಾಡಿದರು. ಸತ್ತವರು ಸುಮಾರು 200 ಎಂದು ಹೇಳಲಾಗುತ್ತದೆ. ಅವರ ನೆನಪಿಗೆ ಕಟ್ಟಿದ ಹುತಾತ್ಮ ಸ್ಮಾರಕ 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಆ ದಿನ ಊರನ್ನು ಕಾಯಲು ಯಾರೂ ಬರಲಿಲ್ಲ. ಅದೇ ವರ್ಷ ಸೆಪ್ಟೆಂಬರ್ 13ರಿಂದ 17ರವರೆಗೆ ಭಾರತದ ಸೇನೆ ಹೈದರಾಬಾದ್ ಸಂಸ್ಥಾನದೊಳಗೆ ನುಗ್ಗಿತು. ಸೇನೆಯೇ ಬಂದರೂ ಅದಕ್ಕೆ ಸಿಕ್ಕ ಹೆಸರು 'ಪೊಲೀಸ್ ಆ್ಯಕ್ಷನ್'. ಅದರ ಬೆನ್ನಿಗೇ ನಮ್ಮ ಜಿಲ್ಲೆಗಳಲ್ಲಿ ಮುಸ್ಲಿಮರ ಕೊಲೆಗಳಾದವು. ನೆಹರೂ ಕಳಿಸಿದ ಪಂಡಿತ್ ಸುಂದರಲಾಲರ ತಂಡ ಸಂಸ್ಥಾನದಲ್ಲೆಲ್ಲ 27,000ದಿಂದ 40,000 ಜನ ಸತ್ತಿರಬಹುದೆಂದು ಅಂದಾಜು ಮಾಡಿತು. ಹೆಚ್ಚು ನಲುಗಿದ ಜಿಲ್ಲೆಗಳೆಂದು ಅದು ಗುರುತಿಸಿದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್ ಮತ್ತು ನಾಂದೇಡ್. ಆ ಮುಸ್ಲಿಮರನ್ನು ಕಾಯಲೂ ಹಲವು ಊರುಗಳಲ್ಲಿ ಯಾರೂ ಬರಲಿಲ್ಲ.

ಆದ್ದರಿಂದ ಕಾವಲು ಬೇಡವೆನ್ನುವ ಹಕ್ಕು ನಮ್ಮ ಸೀಮೆಯ ಹಿಂದೂಗಳಿಗೂ ಇಲ್ಲ, ಮುಸ್ಲಿಮರಿಗೂ ಇಲ್ಲ. ಕಾವಲಿಲ್ಲದ ದಿನ ಏನಾಗುತ್ತದೆಂದು ಇಬ್ಬರ ಅಜ್ಜಂದಿರೂ ನೋಡಿದ್ದಾರೆ. ನಮ್ಮ ತಕರಾರು ಕಾವಲು ಎಂಥದ್ದು ಎಂಬುದರ ಬಗ್ಗೆ.

ಉರ್ದುವಿನಲ್ಲಿ ಎರಡು ಬೇರೆ ಬೇರೆ ಮಾತುಗಳಿವೆ. ಒಂದು 'ಹಿಫಾಜತ್', ಇನ್ನೊಂದು 'ನಿಗರಾನಿ'. ಹಿಫಾಜತ್ ನಮ್ಮವರೆಂದು ತಿಳಿದವರಿಗೆ ಕೊಡುವಂಥದ್ದು. ನಿಗರಾನಿ ನಮಗೆ ನಂಬಿಕೆಯಿಲ್ಲದವರ ಮೇಲೆ ಇಡುವಂಥದ್ದು. ಕನ್ನಡದಲ್ಲಿ 'ಕಾಯು' ಎಂಬ ಒಂದೇ ಮಾತು ಬೇರೆ ರೀತಿಯಲ್ಲಿ ದುಡಿಯುತ್ತದೆ. ಹೊಲ ಕಾಯುವುದೂ ಕಾಯುವುದೇ, ಬಸ್ಸಿಗೆ ಕಾಯುವುದೂ ಕಾಯುವುದೇ, ಒಲೆಯ ಮೇಲೆ ಹಾಲು ಕಾಯುವುದೂ ಕಾಯುವುದೇ. ಆ ಸಂಜೆ ಗೇಟಿನ ಹೊರಗೆ ಪೊಲೀಸರು ಕಾಯುತ್ತಿದ್ದರು, ಒಳಗೆ ಜನ ಕಾಯುತ್ತಿದ್ದರು. ಇನ್ನೂ ಸ್ವಲ್ಪ ಹೊತ್ತಾಗಿದ್ದರೆ ಜನ ಇನ್ನೊಂದು ಅರ್ಥದಲ್ಲೂ ಕಾಯುತ್ತಿದ್ದರು.

ಜಗತ್ತಿನ ಫುಟ್‌ಬಾಲ್ ಈ ಪಾಠವನ್ನು ಬಹಳ ದುಬಾರಿ ಬೆಲೆಗೆ ಕಲಿತಿದೆ. 1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಶೆಫೀಲ್ಡ್ ನಗರದ ಹಿಲ್ಸ್‌ಬರೋ ಮೈದಾನದಲ್ಲಿ ಲಿವರ್‌ಪೂಲ್ ತಂಡದ ಅಭಿಮಾನಿಗಳು ಕಬ್ಬಿಣದ ಬೇಲಿಯೊಳಗೆ ನಜ್ಜುಗುಜ್ಜಾದರು. ಗಾಯಗೊಂಡು ವರ್ಷಗಳ ಮೇಲೆ ತೀರಿಕೊಂಡವರೂ ಸೇರಿ ಸತ್ತವರು 97 ಜನ. ಪುಂಡರು ಮೈದಾನಕ್ಕೆ ನುಗ್ಗದಿರಲಿ ಎಂದೇ ಆ ಬೇಲಿ ಹಾಕಿದ್ದರು. ಉಸಿರು ಸಿಗದೆ ಬೇಲಿ ಹತ್ತಿದವರನ್ನು ಮೊದಲಿಗೆ ಪೊಲೀಸರು ದಂಗೆಕೋರರೆಂದೇ ಭಾವಿಸಿದರು. ಆಮೇಲೆ ತಪ್ಪನ್ನು ಸತ್ತವರ ತಲೆಗೇ ಕಟ್ಟಿದರು. ಅಭಿಮಾನಿಗಳದು ತಪ್ಪಿಲ್ಲ, ಅವರ ಸಾವು ಕಾನೂನುಬಾಹಿರ ಹತ್ಯೆ ಎಂದು ಜ್ಯೂರಿ ತೀರ್ಮಾನ ಕೊಟ್ಟದ್ದು 2016ರಲ್ಲಿ, ಇಪ್ಪತ್ತೇಳು ವರ್ಷಗಳ ನಂತರ.

ಇಂಡೋನೇಷ್ಯಾದ ಮಲಾಂಗ್ ಪ್ರದೇಶದ ಕಂಜುರುಹಾನ್ ಮೈದಾನದಲ್ಲಿ 2022ರ ಅಕ್ಟೋಬರ್ 1ರಂದು ಎದುರಾಳಿ ತಂಡದ ಅಭಿಮಾನಿಗಳಿಗೆ ಪ್ರವೇಶವೇ ಇರಲಿಲ್ಲ. ಇದ್ದವರೆಲ್ಲ ಒಂದೇ ತಂಡದವರು. ತಮ್ಮವರು ಸೋತ ಬೇಸರಕ್ಕೆ ಕೆಲವರು ಮೈದಾನಕ್ಕಿಳಿದರು. ಪೊಲೀಸರು ಅಶ್ರುವಾಯು ಹಾರಿಸಿದರು, ಮೈದಾನಕ್ಕಿಳಿಯದೆ ಗ್ಯಾಲರಿಯಲ್ಲಿ ಕುಳಿತಿದ್ದವರ ಮೇಲೂ ಹಾರಿಸಿದರು. ಕಿರಿದಾದ ಬಾಗಿಲುಗಳ ಬಳಿ ಬಿದ್ದು ಸತ್ತವರು 135 ಜನ. ಅಲ್ಲಿ ಪೊಲೀಸರ ಕೊರತೆಯಿರಲಿಲ್ಲ.

ಹಾಗೆಂದು ಪೊಲೀಸರು ಕಡಿಮೆಯಾದರೆ ಎಲ್ಲ ಸರಿಯಾಗುತ್ತದೆಯೇ? 2025ರ ಜೂನ್ 4ರಂದು ನಮ್ಮದೇ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಆದದ್ದು ಇದಕ್ಕೆ ಉತ್ತರ. ಹಿಂದಿನ ರಾತ್ರಿಯಷ್ಟೇ ಆರ್‌ಸಿಬಿ ಕಪ್ ಗೆದ್ದಿತ್ತು. ಸರಿಯಾದ ತಯಾರಿಯಿಲ್ಲದೆ ಸಂಭ್ರಮಕ್ಕೆ ಜನರನ್ನು ಕರೆದರು. ಸುಮಾರು 35,000 ಜನ ಹಿಡಿಸುವ ಕ್ರೀಡಾಂಗಣದ ಸುತ್ತ ಎರಡು ಲಕ್ಷಕ್ಕೂ ಹೆಚ್ಚು ಜನ ಸೇರಿದರು. ಹನ್ನೊಂದು ಜನ ಕಾಲ್ತುಳಿತದಲ್ಲಿ ಸತ್ತರು. ಅಲ್ಲಿ ಬೇಕಾಗಿದ್ದ ಕಾವಲು ಇರಲಿಲ್ಲ. ನಮ್ಮ ಸಣ್ಣ ಮೈದಾನದಲ್ಲಿ ಬೇಡವಾದಷ್ಟು ಇತ್ತು. ಮೇಲ್ನೋಟಕ್ಕೆ ಇವೆರಡೂ ಒಂದಕ್ಕೊಂದು ವಿರುದ್ಧ. ಆದರೆ ಎರಡು ಕಡೆಯೂ ಬಂದವರು ಯಾರು, ಎಷ್ಟು ಜನ, ಯಾವ ಬಾಗಿಲಿನಿಂದ ಹೊರಗೆ ಹೋಗಬೇಕು ಎಂದು ಮೊದಲೇ ಯೋಚಿಸಿದವರಿಲ್ಲ.

ಕೋಲ್ಕತ್ತಾದ ಇನ್ನೊಂದು ಪ್ರಸಂಗವನ್ನು ಹೇಳದಿರಲಾಗದು. 2024ರ ಆಗಸ್ಟ್ 18ರಂದು ಅಲ್ಲಿ ಮೋಹನ್ ಬಗಾನ್ ಮತ್ತು ಈಸ್ಟ್ ಬೆಂಗಾಲ್ ನಡುವೆ ಡ್ಯುರಾಂಡ್ ಕಪ್ ಪಂದ್ಯ ಇತ್ತು. ಆಸ್ಪತ್ರೆಯಲ್ಲಿ ಯುವ ವೈದ್ಯೆಯೊಬ್ಬರ ಅತ್ಯಾಚಾರ ಮತ್ತು ಕೊಲೆಯ ವಿರುದ್ಧ ನಗರವೆಲ್ಲ ಬೀದಿಗಿಳಿದಿದ್ದ ದಿನಗಳವು. ಭದ್ರತೆಯ ಕಾರಣ ಹೇಳಿ ಪಂದ್ಯ ರದ್ದು ಮಾಡಿದರು. ಆದರೂ ಎರಡೂ ತಂಡಗಳ ಅಭಿಮಾನಿಗಳು ಸಾಲ್ಟ್ ಲೇಕ್ ಮೈದಾನದ ಹೊರಗೆ ಒಟ್ಟಿಗೆ ನಿಂತು ನ್ಯಾಯ ಕೇಳಿದರು. ಪಂದ್ಯಕ್ಕೆ ಸಿಗದ ಪೊಲೀಸರು ಅವರನ್ನು ಚದುರಿಸಲು ಸಿಕ್ಕರು, ಲಾಠಿಯೂ ಬೀಸಿದರು. ನೂರು ವರ್ಷದ ಎದುರಾಳಿಗಳು ಹೆಗಲಿಗೆ ಹೆಗಲು ಕೊಟ್ಟು ನಿಂತಾಗಲೂ ಗುಂಪು ಗುಂಪಾಗಿಯೇ ಕಂಡಿತು, ಮನುಷ್ಯರಾಗಿ ಕಾಣಲಿಲ್ಲ.

ಪೊಲೀಸರು ಮತ್ತು ಫುಟ್‌ಬಾಲ್ ಎಂದರೆ ಯಾವಾಗಲೂ ಲಾಠಿ ಮತ್ತು ಹಗ್ಗದ ಕಥೆಯೇ ಎಂದು ಇಂದಿನ ಹುಡುಗರು ತಿಳಿದರೆ ಅದು ಅವರ ತಪ್ಪಲ್ಲ. ನಮ್ಮ ಮನೆಗಳ ಹಿರಿಯರಿಗೆ ಬೇರೆ ಕಥೆ ಗೊತ್ತಿತ್ತು. 1956ರ ನವೆಂಬರ್ 1ರವರೆಗೆ ಬೀದರ್ ಹೈದರಾಬಾದ್ ರಾಜ್ಯದಲ್ಲಿತ್ತು. ಆ ರಾಜ್ಯದ ಹೆಮ್ಮೆಯ ಫುಟ್‌ಬಾಲ್ ತಂಡದ ಹೆಸರು 'ಹೈದರಾಬಾದ್ ಸಿಟಿ ಪೊಲೀಸ್'. ಶಾಲಾ ಮೇಷ್ಟ್ರಾಗಿದ್ದ ಸೈಯದ್ ಅಬ್ದುಲ್ ರಹೀಮ್ ಅದರ ತರಬೇತುದಾರರು. 1950ರಿಂದ 1954ರವರೆಗೆ ಸತತ ಐದು ವರ್ಷ ಆ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಇದೇ ರಹೀಮ್ ಸಾಹೇಬರ ಕೈಯಲ್ಲಿ ಭಾರತ ತಂಡ 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು, 1962ರಲ್ಲಿ ಜಕಾರ್ತಾದ ಏಷ್ಯನ್ ಗೇಮ್ಸಿನಲ್ಲಿ ಚಿನ್ನ ಗೆದ್ದಿತು. 2024ರಲ್ಲಿ ಬಂದ 'ಮೈದಾನ್' ಎಂಬ ಹಿಂದಿ ಚಿತ್ರ ಅವರ ಬದುಕಿನದೇ.

ಸ್ವಲ್ಪ ಯೋಚಿಸಿ. 'ಪೊಲೀಸ್ ಆ್ಯಕ್ಷನ್' ಎಂಬ ಮಾತು ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಿದ್ದ ಜನ, ಎರಡೇ ವರ್ಷದಲ್ಲಿ 'ಪೊಲೀಸ್' ಎಂಬ ಹೆಸರಿನ ತಂಡವನ್ನು ತಮ್ಮದೆಂದು ಹೇಳಿಕೊಂಡರು. ಗಾಯ ಮಾಯಿತು ಎಂದು ಇದರ ಅರ್ಥವಲ್ಲ. ಆ ತಂಡದ ಪೊಲೀಸರನ್ನು ಜನ ಮೈದಾನದ ಅಂಚಿನಲ್ಲಿ ಬೆನ್ನು ತಿರುಗಿಸಿ ನಿಂತವರಾಗಿ ನೋಡಲಿಲ್ಲ, ನಡುವೆ ಬೆವರು ಸುರಿಸಿ ಓಡುವವರಾಗಿ ನೋಡಿದರು.

ನಮ್ಮ ಕ್ಲಬ್ಬಿನಲ್ಲೂ ಹೀಗೆ ಪೊಲೀಸ್ ಆಗಬೇಕೆಂದಿದ್ದ ಹುಡುಗನೊಬ್ಬನಿದ್ದ. ಗೋರ್ಟಾದವನೇ. ಹೆಸರು ಬೇಡ, ಜಾತಿಯೂ ಬೇಡ. ಕಾನ್‌ಸ್ಟೇಬಲ್ ಹುದ್ದೆಯ ದೈಹಿಕ ಪರೀಕ್ಷೆಗೆ ಕಾಲು ಗಟ್ಟಿಯಾಗಲಿ ಎಂದೇ ಅವನು ಫುಟ್‌ಬಾಲ್ ಆಡಲು ಬಂದವನು. ಆ ಭಾನುವಾರ ಗಾಯದ ಕಾಲಿಗೆ ಪಟ್ಟಿ ಕಟ್ಟಿಕೊಂಡು ಪ್ರೇಕ್ಷಕನಾಗಿ ನಮ್ಮ ಜೊತೆ ಗಾಡಿಯಲ್ಲಿದ್ದ. ಗೇಟಿನಲ್ಲಿ ಅವನ ಹೆಸರೂ ನೋಟ್‌ಬುಕ್ಕಿಗೆ ಹೋಯಿತು. ಅಂದಿನಿಂದ ಅವನು ಆಟಕ್ಕೆ ಬರಲಿಲ್ಲ. ನಾವು ಮನೆಗೆ ಹೋಗಿ ಕೇಳಿದಾಗ ಅವನ ಅಪ್ಪ ಹೇಳಿದರು: "ನಾಳಿ ನೌಕರಿಗಿ ಪೊಲೀಸ್ ವೆರಿಫಿಕೇಶನ್ ಅಂತ ಬರ್ತದಲ್ರಿ ಸಾಹೇಬ್ರ. ಆ ಬುಕ್ಕಿನಾಗ ಹೆಸರ ಯಾಕ ಬರದಾರ ಅಂತ ಯಾರಿಗಿ ಕೇಳ್ಬೇಕ್ರಿ? ಆಟನೇ ಬ್ಯಾಡ ಅಂದ್ರ ಆತು."

ಆ ನೋಟ್‌ಬುಕ್ಕು ಬಹುಶಃ ಯಾವುದೋ ಡ್ರಾಯರಿನಲ್ಲಿ ಧೂಳು ತಿನ್ನುತ್ತಿರಬಹುದು. ಅದರಿಂದ ಯಾರಿಗೂ ಏನೂ ಆಗದಿರಬಹುದು. ಆದರೆ ಹೆಸರು ಕೊಟ್ಟವನಿಗೆ ಅದು ಗೊತ್ತಾಗುವುದು ಹೇಗೆ? ಲಾಠಿಯ ಏಟು ನಾಲ್ಕು ದಿನದಲ್ಲಿ ಇಳಿಯುತ್ತದೆ. ತನ್ನ ಮೇಲೆ ಅನುಮಾನವಿದೆ ಎಂಬ ತಿಳಿವಳಿಕೆ ಅಷ್ಟು ಬೇಗ ಇಳಿಯುವುದಿಲ್ಲ. ತಪ್ಪು ಮಾಡದ ಹುಡುಗ ತಪ್ಪಿತಸ್ಥನ ಹಾಗೆ ಗೋಡೆ ಬದಿ ಹಿಡಿದು ನಡೆಯಲು ಕಲಿಯುತ್ತಾನೆ. ಇದೇ ಇಲ್ಲಿನ ಅನ್ಯಾಯ ಎಂದು ನಮಗನಿಸುತ್ತದೆ. ಮುನ್ನೆಚ್ಚರಿಕೆಗೂ ಶಿಕ್ಷೆಗೂ ನಡುವೆ ಒಂದು ಗೆರೆಯಿದೆ. ಯಾಕೆ ಎಂದು ಹೇಳದೆ, ಎಷ್ಟು ದಿನ ಎಂದು ಹೇಳದೆ, ಯಾರನ್ನು ಕೇಳಬೇಕೆಂದು ತಿಳಿಸದೆ ಎಲ್ಲರ ಮೇಲೂ ಹೇರಿದಾಗ ಮುನ್ನೆಚ್ಚರಿಕೆ ಆ ಗೆರೆ ದಾಟುತ್ತದೆ.

ನಾವು ಕೇಳುವುದು ದೊಡ್ಡದೇನಲ್ಲ. ಪಂದ್ಯಕ್ಕೆ ಎರಡು ದಿನ ಮೊದಲು ಎರಡೂ ಕ್ಲಬ್ಬಿನ ಹಿರಿಯರನ್ನು ಠಾಣೆಗೆ ಕರೆದು ಒಂದು ಕಪ್ ಚಹಾ ಕುಡಿಸಿ ಮಾತಾಡಲಿ. ಹಿಂದಿನ ವರ್ಷ ಕುರ್ಚಿ ಎಸೆದವನು ಯಾರೆಂದು ಊರಿಗೆಲ್ಲ ಗೊತ್ತಿದೆ. ಅವನನ್ನು ಹೊರಗಿಡಲಿ, ಉಳಿದವರನ್ನು ಒಳಗೆ ಬಿಡಲಿ. ಹೆಸರು ಬರೆದುಕೊಳ್ಳಲೇಬೇಕೆಂದರೆ, ಗಲಾಟೆಯಿಲ್ಲದೆ ಆಟ ಮುಗಿದ ಸಂಜೆ ಆ ಹಾಳೆಯನ್ನು ಎಲ್ಲರ ಮುಂದೆ ಹರಿದುಹಾಕಲಿ. ಗೇಟು ಮಾತ್ರ ಎಂದೂ ಬೀಗ ಕಾಣದಿರಲಿ.

ನಮ್ಮವರೂ ಮಾಡಬೇಕಾದದ್ದಿದೆ. ಕುರ್ಚಿ ಎಸೆದವನ ಹೆಸರನ್ನು ಪೊಲೀಸರು ಕೇಳಿದಾಗ ಇಡೀ ಕ್ಲಬ್ಬು ಬಾಯಿ ಮುಚ್ಚಿಕೊಂಡಿತ್ತು. ಅವನು ನಮ್ಮವನು ಎಂಬ ಅಭಿಮಾನ. ನಾವು ಒಬ್ಬನನ್ನು ಗುಂಪಿನೊಳಗೆ ಬಚ್ಚಿಟ್ಟದ್ದರಿಂದಲೇ ಅವರು ಇಡೀ ಗುಂಪನ್ನು ಆ ಒಬ್ಬನಂತೆ ನೋಡಿದರು. ಈ ಲೆಕ್ಕದಲ್ಲಿ ನಮ್ಮ ಪಾಲೂ ಇದೆ.

ಅಂದು ಗೇಟು ತೆರೆಯದೆ ನಿಂತಿದ್ದ ಆ ಒಂದು ಗಂಟೆಯಲ್ಲಿ ನಡುವಯಸ್ಸಿನ ಕಾನ್‌ಸ್ಟೇಬಲ್ ಒಬ್ಬರು ನಮ್ಮ ಪಕ್ಕದಲ್ಲೇ ಹಗ್ಗ ಹಿಡಿದು ನಿಂತಿದ್ದರು. ನಾವೇ ಮಾತಿಗೆಳೆದೆವು. "ಮುಂಜಾನಿ ಐದಕ್ಕ ಬಂದೀವ್ರಿ. ಹೊಟ್ಟಿಗಿ ಒಂದು ಬನ್ನು, ಅಷ್ಟ. ನಿಮಗ ಇದು ಆಟ, ನಮಗ ಬಂದೋಬಸ್ತ್" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಎರಡನೇ ಗೋಲು ಹೇಗಾಯಿತು ಎಂದು ಕೇಳಿದರು. ಆಟದುದ್ದಕ್ಕೂ ನಮ್ಮ ಕಡೆ ಮುಖ ಮಾಡಿ ನಿಲ್ಲಬೇಕೆಂದು ಅವರಿಗೆ ಆರ್ಡರ್ ಆಗಿತ್ತು. ಬೆನ್ನ ಹಿಂದೆ ಆಗಿದ್ದನ್ನು ಅವರು ನೋಡಿರಲಿಲ್ಲ. ನಾವು ಕೈಸನ್ನೆ ಮಾಡಿ ವಿವರಿಸಿದೆವು: ಬಲಗಡೆಯಿಂದ ಬಂದ ಚೆಂಡು, ತಲೆಯಿಂದ ಮೆಲ್ಲಗೆ ತಾಗಿಸಿದ್ದು, ಗೋಲಿ ತಪ್ಪು ಕಡೆ ಜಿಗಿದದ್ದು. ಅವರು ತಾವೂ ಶಾಲೆಯಲ್ಲಿ ಗೋಲಿಯಾಗಿದ್ದುದನ್ನು ಹೇಳಿ ನಕ್ಕರು. ಅಷ್ಟರಲ್ಲಿ ಆಚೆಯಿಂದ ಯಾರೋ ಗದರಿದರು. ಅವರು ಹಗ್ಗ ಬಿಗಿ ಹಿಡಿದು ಮತ್ತೆ ಮುಖ ಗಂಟಿಕ್ಕಿಕೊಂಡರು.