ಮಾಲೆ ತೆಗೆದ ಮರುದಿನ

ಮಾರ್ಗಶಿರ ಶುದ್ಧ ತ್ರಯೋದಶಿ ಹತ್ತಿರ ಬಂದಂತೆ ಗಂಗಾವತಿಯಿಂದ ಆನೆಗೊಂದಿಗೆ ಹೋಗುವ ರಸ್ತೆಯೆಲ್ಲ ಕೇಸರಿಯಾಗುತ್ತದೆ. ಹನುಮಮಾಲೆ ಹಾಕಿಕೊಂಡವರು ಕುಷ್ಟಗಿಯಿಂದ, ಯಲಬುರ್ಗಾದಿಂದ, ಕೊಪ್ಪಳದಿಂದ, ಇನ್ನೂ ದೂರದ ಊರುಗಳಿಂದ ಬಂದು ಅಂಜನಾದ್ರಿ ಬೆಟ್ಟದ 575 ಮೆಟ್ಟಿಲು ಹತ್ತುತ್ತಾರೆ, ಹನುಮಪ್ಪನ ಮುಂದೆ ಮಾಲೆ ವಿಸರ್ಜಿಸಿ ಇಳಿಯುತ್ತಾರೆ. ಅವರಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗರೇ ಬಹಳ. ಮಾಲೆ ಕೊರಳಲ್ಲಿದ್ದಷ್ಟು ದಿನ ನಸುಕಿನಲ್ಲಿ ಜಳಕ, ಭಜನೆ, ನೆಲದ ಮೇಲೆ ಮಲಗುವುದು, ಊಟಕ್ಕೂ ಮಾತಿಗೂ ಕಟ್ಟು. ಆಮೇಲೆ? "ಮಾಲಿ ತೆಗದ್ ಮ್ಯಾಲ ಏನ್ ಮಾಡಬೇಕ್ರಿ ಸರ? ದಿನಾ ಪೂಜಿ ಮಾಡಬೇಕು ಅನಸ್ತದ, ಎಲ್ಲಿಂದ ಸುರು ಮಾಡಬೇಕಂತ ಗೊತ್ತಾಗವಲ್ದು" ಎಂದು ಕೇಳುವವರಿದ್ದಾರೆ. ಮನೆಯಲ್ಲಿ ಪೂಜೆಯ ರೂಢಿ ಇಲ್ಲದವರು, ಇದ್ದರೂ ಅದನ್ನು ಅವ್ವನಿಗೆ ಬಿಟ್ಟುಕೊಟ್ಟವರು.

ಈ ಪ್ರಶ್ನೆಗೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದು ಪಟ್ಟಿ: ಇಂಥ ಸ್ತೋತ್ರ, ಇಷ್ಟು ಸಲ, ಇಂಥ ದಿಕ್ಕು, ಇಂಥ ಎಣ್ಣೆ. ಪಟ್ಟಿ ನೋಡಿಯೇ ಹುಡುಗ ಅಂಜುತ್ತಾನೆ, ಇಲ್ಲವೆ ಹದಿನೈದು ದಿನ ಹುರುಪಿನಿಂದ ಮಾಡಿ ಕೈಬಿಡುತ್ತಾನೆ. ಪಟ್ಟಿಗಿಂತ ಮೊದಲು ಅವನಿಗೆ ತಿಳಿಯಬೇಕಾದದ್ದು ಅಭ್ಯಾಸ ಎಂಬ ತತ್ತ್ವ.

ಈ ಅಭ್ಯಾಸ ಎಲ್ಲಿ ಸೇರುತ್ತದೆಂದು ತಿಳಿಯಲು, ವೇದದ ಕರ್ಮಗಳನ್ನು ವಿಚಾರಿಸಿದ ಮೀಮಾಂಸಕರ ವಿಂಗಡಣೆ ನೋಡಬೇಕು. ಅವರು ಕರ್ಮವನ್ನು ಮೂರು ಬಗೆಯಾಗಿ ನೋಡಿದರು. ಫಲ ಬೇಡಿ ಮಾಡುವುದು ಕಾಮ್ಯ, ಸಂದರ್ಭ ಒದಗಿದಾಗ ಮಾಡುವುದು ನೈಮಿತ್ತಿಕ, ದಿನವೂ ಮಾಡುವುದು ನಿತ್ಯ. ಮೊದಲೆರಡಕ್ಕೆ ನಮ್ಮ ಸೀಮೆಯಲ್ಲಿ ಎಂದೂ ಕೊರತೆಯಾಗಿಲ್ಲ. ಹುಲಿಗೆಮ್ಮ ದೇವಿಗೆ ಹೊತ್ತ ಹರಕೆ ಕಾಮ್ಯ. ಪುಷ್ಯದಲ್ಲಿ ಕೊಪ್ಪಳದ ಗವಿಮಠದ ತೇರಿಗೆ ಹೋಗುವುದು, ಶ್ರಾವಣ ಸೋಮವಾರದ ಒಪ್ಪತ್ತು, ಈ ಹನುಮಮಾಲೆ, ಇವನ್ನೆಲ್ಲ ನೈಮಿತ್ತಿಕದ ಸಾಲಿಗೆ ಸೇರಿಸಬಹುದು. ಇವಕ್ಕೆ ಹೊರಗಿನ ಒತ್ತಾಸೆ ಇರುತ್ತದೆ. ತಿಥಿ ತಾನಾಗಿ ಬರುತ್ತದೆ, ಜೊತೆಗೆ ಓಣಿಯ ಗೆಳೆಯರಿರುತ್ತಾರೆ, ಕೊರಳ ಮಾಲೆ ನೋಡಿ ಹೋಟೆಲಿನವನೂ ಎಚ್ಚರಿಸುತ್ತಾನೆ. ನಿತ್ಯಕ್ಕೆ ಈ ಯಾವ ಆಸರೆಯೂ ಇಲ್ಲ. ಒಬ್ಬನೇ ಏಳಬೇಕು, ಒಬ್ಬನೇ ಕೂಡಬೇಕು. ಮಾಲೆ ತೆಗೆದ ಹುಡುಗನಿಗೆ ದಾರಿ ತೋಚದಿರುವುದು ಇದಕ್ಕೇ.

ನಿತ್ಯಕರ್ಮ ಬಿಟ್ಟರೆ ಪ್ರತ್ಯವಾಯ, ಎಂದರೆ ದೋಷ ತಟ್ಟುತ್ತದೆ ಎಂಬುದು ಮೀಮಾಂಸೆಯ ನಿಲುವು. ಒಂದು ದಿನ ದೀಪ ತಪ್ಪಿದರೆ ಮನೆಗೆ ಕೇಡು ಬಂತು ಎಂದು ನಡುಗುವವರ ಭಯದ ಬೇರು ಅಲ್ಲಿದೆ. ಭಕ್ತಿಯ ಹಾದಿ ನಿತ್ಯದ ಚೌಕಟ್ಟನ್ನು ಇಟ್ಟುಕೊಂಡು ಅದರೊಳಗಿನ ಅಂಜಿಕೆಯ ಜಾಗದಲ್ಲಿ ಪ್ರೀತಿಯನ್ನು ತಂದು ಕೂಡಿಸಿತು. ಗೀತೆಯ ಎರಡನೆಯ ಅಧ್ಯಾಯದಲ್ಲೇ ಕೃಷ್ಣ ಇದಕ್ಕೆ ಬಾಗಿಲು ತೆರೆದಿಟ್ಟಿದ್ದಾನೆ. ಯೋಗದ ಹಾದಿಯಲ್ಲಿ ಹೆಜ್ಜೆ ಇಟ್ಟವನ ಆರಂಭ ಹಾಳಾಗುವುದಿಲ್ಲ, ಅಲ್ಲಿ ಪ್ರತ್ಯವಾಯದ ಮಾತೂ ಇಲ್ಲ ಎಂದು ಅವನು ಅರ್ಜುನನಿಗೆ ಭರವಸೆ ಕೊಡುತ್ತಾನೆ. ಹೊಸಬರು ಎಲ್ಲಕ್ಕಿಂತ ಮೊದಲು ಇದನ್ನು ಕಿವಿಗೆ ಹಾಕಿಕೊಳ್ಳಬೇಕು.

ಅಭ್ಯಾಸ ಗಟ್ಟಿಯಾಗಿ ನೆಲೆಯೂರುವುದಕ್ಕೆ ಪತಂಜಲಿ ಯೋಗಸೂತ್ರದ ಮೊದಲ ಪಾದದಲ್ಲಿ ಮೂರು ಮಾತು ಹೇಳುತ್ತಾನೆ: ಅದು ಬಹುಕಾಲ ನಡೆಯಬೇಕು, ನಡುವೆ ಕಡಿಯಬಾರದು, ಆದರದಿಂದ ಕೂಡಿರಬೇಕು. ಎಷ್ಟು ಗಂಟೆ, ಎಷ್ಟು ಸಾವಿರ ಜಪ ಎಂಬ ಲೆಕ್ಕ ಅಲ್ಲಿಲ್ಲ. ಜನ ಮೊದಲೆರಡರ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ನನಗೆ ಮೂರನೆಯದೇ ಮಿಕ್ಕೆರಡನ್ನೂ ಹೊತ್ತು ನಡೆಸುತ್ತದೆ ಅನ್ನಿಸುತ್ತದೆ. ಆದರವೆಂದರೆ ಮನಸ್ಸಿನಲ್ಲಿ ಉಕ್ಕುವ ಭಾವವೇ ಆಗಬೇಕಿಲ್ಲ, ಭಾವ ಎಲ್ಲ ದಿನ ಉಕ್ಕುವುದೂ ಇಲ್ಲ. ನಿನ್ನೆಯ ಬಾಡಿದ ಹೂ ತೆಗೆದು ಜಗಲಿ ಒರೆಸುವುದು ಆದರ. ಪಣತಿಯ ಕರಕಲು ಬತ್ತಿ ತೆಗೆದು, ಎಣ್ಣೆಯ ಜಿಡ್ಡು ಉಜ್ಜಿ, ಹೊಸ ಬತ್ತಿ ಹೊಸೆದು ಇಡುವುದು ಆದರ. ಊದಿನಕಡ್ಡಿ ಹಚ್ಚುವ ಎರಡು ನಿಮಿಷ ಮೊಬೈಲ್ ಇನ್ನೊಂದು ಕೋಣೆಯಲ್ಲಿರುವುದೂ ಆದರವೇ. ಕೈ ಇಷ್ಟು ಮಾಡುತ್ತ ಹೋದರೆ ಮನಸ್ಸು ನಿಧಾನಕ್ಕೆ ಕೈಯ ಹಿಂದೆ ಬರುತ್ತದೆ.

ಇಂಥ ಅಭ್ಯಾಸಕ್ಕೊಂದು ಗುರುತು ಇಲ್ಲೇ ಹತ್ತಿರದಲ್ಲಿದೆ. ಅಂಜನಾದ್ರಿಯಿಂದ ಹೊಳೆ ದಾಟಿದರೆ ಹಂಪಿಯ ಚಕ್ರತೀರ್ಥದ ಮೇಲ್ಗಡೆ ಯಂತ್ರೋದ್ಧಾರಕ ಹನುಮನ ಗುಡಿ ಇದೆ. ಗದೆ ಹಿಡಿದು ಹಾರುವ ಹನುಮನಲ್ಲ, ಷಟ್ಕೋನದ ನಡುವೆ ಪದ್ಮಾಸನದಲ್ಲಿ ಕೂತು ಜಪಮಾಲೆ ಹಿಡಿದ ಹನುಮ. ಸುತ್ತಲೂ ಒಂದರ ಬಾಲ ಒಂದು ಹಿಡಿದ 12 ಕಪಿಗಳು. ಇದನ್ನು ಪ್ರತಿಷ್ಠಾಪಿಸಿದವರು ಮಾಧ್ವ ಯತಿ ವ್ಯಾಸರಾಯರು. ಅವರು ದಿನವೂ ಬಂಡೆಯ ಮೇಲೆ ಇದ್ದಲಿನಿಂದ ಹನುಮನ ಚಿತ್ರ ಬರೆದು ಧ್ಯಾನಕ್ಕೆ ಕೂಡುತ್ತಿದ್ದರು, ಧ್ಯಾನ ಮುಗಿಯುವಷ್ಟರಲ್ಲಿ ಚಿತ್ರ ಮಾಯವಾಗುತ್ತಿತ್ತು, ಹೀಗೆ 12 ದಿನ ನಡೆದ ಮೇಲೆ ಯಂತ್ರದೊಳಗೆ ಹನುಮನನ್ನು ನೆಲೆಗೊಳಿಸಿದರು ಎಂದು ಪರಂಪರೆ ಹೇಳುತ್ತದೆ. ಆ 12 ದಿನಗಳ ಗುರುತು ಆ 12 ಕಪಿಗಳು. ಜನ ಈ ಕಥೆಯಲ್ಲಿ ಪವಾಡವನ್ನು ನೆನೆಯುತ್ತಾರೆ. ನನ್ನ ಕಣ್ಣು ನಿಲ್ಲುವುದು ಎರಡನೆಯ ದಿನದ ಮೇಲೆ. ನಿನ್ನೆ ಬರೆದದ್ದು ಉಳಿದಿಲ್ಲ, ಖಾಲಿ ಬಂಡೆ ಎದುರಿಗಿದೆ, ವ್ಯಾಸರಾಯರಂಥವರೂ ಇದ್ದಲು ಹಿಡಿದು ಮತ್ತೆ ಮೊದಲಿನಿಂದ ಬರೆದರು. ಅಭ್ಯಾಸ ಎಂದರೆ ಇದೇ. 1539ರಲ್ಲಿ ಅವರು ಕಾಲವಾದರು. ಅವರ ವೃಂದಾವನ ಆನೆಗೊಂದಿಯ ಹತ್ತಿರ ತುಂಗಭದ್ರೆಯ ನಡುಗಡ್ಡೆಯಲ್ಲಿ, ನವವೃಂದಾವನದಲ್ಲಿದೆ.

ಎಲ್ಲಿಂದ ಶುರು ಎಂಬುದಕ್ಕೆ ಗೀತೆಯ ಹನ್ನೆರಡನೆಯ ಅಧ್ಯಾಯದಲ್ಲಿ ನೇರ ಉತ್ತರವಿದೆ. ಎಂಟರಿಂದ ಹನ್ನೊಂದನೆಯ ಶ್ಲೋಕದವರೆಗೆ ಕೃಷ್ಣ ಸಾಧಕನ ಶಕ್ತಿ ನೋಡಿ ಮೆಟ್ಟಿಲು ಇಳಿಸುತ್ತ ಬರುತ್ತಾನೆ. ಮನಸ್ಸು ಬುದ್ಧಿಗಳನ್ನು ನನ್ನಲ್ಲಿಡು ಎನ್ನುತ್ತಾನೆ. ಮನಸ್ಸು ನಿಲ್ಲದಿದ್ದರೆ ಅಭ್ಯಾಸದ ಮೂಲಕ ಬಾ ಎನ್ನುತ್ತಾನೆ. ಅದೂ ಆಗದಿದ್ದರೆ ನನಗಾಗಿ ಕೆಲಸ ಮಾಡು. ಅದಕ್ಕೂ ಆಗದಿದ್ದರೆ ಮಾಡುವ ಕೆಲಸದ ಫಲದ ಹಂಬಲ ಬಿಡು. ಈ ನಾಲ್ಕರಲ್ಲಿ ಯಾವುದು ಮೇಲು ಎಂದು ಪಂಡಿತರು ಚರ್ಚಿಸಿದ್ದಾರೆ. ನಮಗೆ ಬೇಕಾದದ್ದು ಇಷ್ಟು: ಎಟುಕಲಿಲ್ಲ ಎಂದು ಯಾರನ್ನೂ ಅಲ್ಲಿ ಹೊರಗಿಟ್ಟಿಲ್ಲ. ಅಂಜನಾದ್ರಿಯ ಕೆಳಗಿನ ರಸ್ತೆಯಲ್ಲಿ ಮಾಲಾಧಾರಿಗಳಿಗೆ ನೀರು ಕೊಡುವವನೂ, ಗವಿಮಠದ ಮಹಾದಾಸೋಹದಲ್ಲಿ ರೊಟ್ಟಿ ಜೋಡಿಸುವ ತಾಯಿಯೂ ಆ ಮೂರನೆಯ ಮೆಟ್ಟಿಲ ಮೇಲೆ ನಿಂತವರೇ.

ನಿತ್ಯಪೂಜೆ ಹೇಗಿರುತ್ತದೆ ಎಂದು ನೋಡಬೇಕಾದರೆ ದೂರ ಹೋಗಬೇಕಿಲ್ಲ. ಕುಷ್ಟಗಿ, ಯಲಬುರ್ಗಾ ಕಡೆಯ ಲಿಂಗಾಯತ ಮನೆಗಳಲ್ಲಿ ಹಿರಿಯರು ಜಳಕ ಮುಗಿಸಿ, ಹಣೆಗೆ ವಿಭೂತಿ ಧರಿಸಿ, ಕೊರಳಲ್ಲಿ ಕಟ್ಟಿಕೊಂಡ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಒಂದು ಪತ್ರಿ ಏರಿಸಿ ದಿಟ್ಟಿಸುತ್ತಾರೆ. ಅದಾಗದೆ ತುತ್ತು ಬಾಯಿಗೆ ಹೋಗುವುದಿಲ್ಲ. ಸುಗ್ಗಿಗೆ ದೂರದೂರಿಗೆ ಹೋದರೂ ಪೂಜೆ ತಪ್ಪುವುದಿಲ್ಲ, ದೇವರು ಎದೆಯ ಮೇಲೇ ಇದ್ದಾನೆ. ಇಷ್ಟಲಿಂಗಕ್ಕೆ ಗುರುವಿನ ದೀಕ್ಷೆ ಬೇಕು, ಅದು ಬೇರೆ ಹಾದಿ. ಆದರೆ ಹೊಸಬ ಅಲ್ಲಿಂದ ಕಲಿಯಬಹುದಾದ ಒಂದು ಉಪಾಯವಿದೆ: ಪೂಜೆಯನ್ನು ಹಸಿವಿಗೆ ಕಟ್ಟಿಡುವುದು. ಊಟ ಯಾರಿಗೂ ಮರೆಯುವುದಿಲ್ಲ, ಊಟಕ್ಕೆ ಮೊದಲು ಎಂದು ಗೊತ್ತು ಮಾಡಿಕೊಂಡ ಪೂಜೆಯೂ ಮರೆಯುವುದಿಲ್ಲ.

ಹಾಗಾಗಿ ಮಾಲೆ ತೆಗೆದ ಹುಡುಗನಿಗೆ ನಾನು ಹೇಳುವುದು ಸ್ವಲ್ಪವೇ. ಮನೆದೇವರೋ ಮನಸ್ಸಿಗೊಪ್ಪಿದ ದೇವರೋ, ಒಂದು ಮೂರ್ತಿ ಅಥವಾ ಪಟ. ಜಳಕ, ಒಂದು ದೀಪ, ಒಂದು ಹೂ ಅಥವಾ ಎಲೆ, ಇಲ್ಲವಾದರೆ ತಂಬಿಗೆ ನೀರು. ಎಲೆ, ಹೂ, ನೀರನ್ನೂ ಸ್ವೀಕರಿಸುತ್ತೇನೆಂದು ಗೀತೆಯ ಕೃಷ್ಣನೇ ಒಂಬತ್ತನೆಯ ಅಧ್ಯಾಯದಲ್ಲಿ ಹೇಳಿದ್ದಾನೆ. ಒಂದು ನಾಮ, ಬಾಯಲ್ಲಿ ಸರಾಗವಾಗಿ ಆಡುವಂಥದ್ದು. ಹತ್ತು ನಿಮಿಷ ಸಾಕು. ಎರಡು ತಿಂಗಳು ಅದಕ್ಕೆ ಏನನ್ನೂ ಸೇರಿಸಬೇಡ, ಹುರುಪು ಬಂದ ದಿನವೂ ಸೇರಿಸಬೇಡ.

ಕೊಪ್ಪಳದ ಹತ್ತಿರದ ಗಿಣಿಗೇರಿ ಸುತ್ತಿನ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮಾಡುವವನು ಬ್ರಾಹ್ಮೀ ಮುಹೂರ್ತ ತಪ್ಪಿತೆಂದು ಕೊರಗಬೇಕಿಲ್ಲ. ಅವನ ಮುಂಜಾನೆ ಅವನು ಮನೆಗೆ ಬಂದು ಜಳಕ ಮಾಡಿದ ಹೊತ್ತು. ಪ್ರಯಾಣ, ಜ್ವರ, ಸೂತಕದ ದಿನಗಳಿಗೆ ಹಿರಿಯರು ಮಾನಸಪೂಜೆ ಇಟ್ಟಿದ್ದಾರೆ: ಕಣ್ಣು ಮುಚ್ಚಿ ಅದೇ ದೀಪ, ಅದೇ ಹೂವನ್ನು ಮನಸ್ಸಿನಲ್ಲೇ ಏರಿಸುವುದು. ಪೂರ್ತಿ ಮರೆತೇ ಹೋದ ದಿನ ಬಂದರೆ ಮರುದಿನ ಎರಡರಷ್ಟು ಮಾಡಿ ಸರಿದೂಗಿಸಲು ಹೋಗಬಾರದು. ಎಂದಿನಷ್ಟೇ ಮಾಡಬೇಕು. ಮಂತ್ರೋಪದೇಶ, ಗುರು, ಪಾರಾಯಣ ಇವೆಲ್ಲ ಮುಂದಿನ ಮಾತು. ವರ್ಷೊಪ್ಪತ್ತು ಹೀಗೆ ಕೂತವನು ಗುರುವಿನ ಮುಂದೆ ಹೋದಾಗ ಕೇಳುವ ಪ್ರಶ್ನೆಗಳು ಇವತ್ತಿನ ಪ್ರಶ್ನೆಗಳಾಗಿರುವುದಿಲ್ಲ.