ಗ್ರಹಗತಿಯೂ ನಾಯಕನ ಶೀಲವೂ

ಚುನಾವಣೆಯ ಕಾಲವು ಸಮೀಪಿಸಿತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸಂತೆಗಳಲ್ಲಿಯೂ ಚಹಾದಂಗಡಿಗಳ ಕಟ್ಟೆಗಳ ಮೇಲೂ ಅಭ್ಯರ್ಥಿಗಳ ಪಕ್ಷ ಪಂಗಡಗಳಷ್ಟೇ ಉತ್ಸಾಹದಿಂದ ಅವರ ಜಾತಕಗಳೂ ಚರ್ಚೆಗೆ ಬರುವುದುಂಟು. "ಸಾಹೇಬ್ರಿಗೆ ಈಗ ಗುರುಬಲ ಐತ್ರಿ, ಅವರನ್ನ ಯಾರಿಗೂ ಅಳ್ಳಾಡ್ಸಾಕ ಆಗೂದಿಲ್ಲ" ಎಂದು ಒಬ್ಬನು ನುಡಿದರೆ, "ಸಾಡೇಸಾತಿ ಮುಗಿಯೂತನಕ ಅವರಿಗೆ ಕುರ್ಚಿ ಇಲ್ರಿ" ಎಂದು ಮತ್ತೊಬ್ಬನು ತೀರ್ಪನ್ನು ಕೊಡುವನು. ಹೊತ್ತಿಗೆ ತೆಗೆಸಿ ಕೇಳುವ ಈ ರೂಢಿಯು ಈಗ ನಮ್ಮ ಶಾಸಕರಿಗೂ ಮಂತ್ರಿಗಳಿಗೂ ಸೀಮಿತವಾಗಿ ಉಳಿದಿಲ್ಲ. ಕೈಯೊಳಗಿನ ಮೊಬೈಲಿನ ದೆಸೆಯಿಂದ ಅಮೆರಿಕದ ಅಧ್ಯಕ್ಷರ ಕುಂಡಲಿಗಳೂ ಭೀಮೆ ಡೋಣಿಗಳ ದಂಡೆಯ ಹಳ್ಳಿಗಳನ್ನು ತಲುಪಿರುವುವು. ಆದುದರಿಂದ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಉಚಿತವೆಂದು ಭಾವಿಸುವೆನು. ಅನೇಕರ ಬಾಳುವೆಯನ್ನು ಕೈಯಲ್ಲಿ ಹಿಡಿದಿರುವ ಒಬ್ಬ ಮನುಷ್ಯನ ಶೀಲಸ್ವಭಾವಗಳನ್ನು ಆತನ ಜನನಕಾಲದ ಆಕಾಶದಿಂದ ಅರಿಯಲು ಸಾಧ್ಯವೇ ಎಂಬುದು ಮೊದಲನೆಯದು. ಸಾಧ್ಯವೆಂದು ನಂಬಿ ನಡೆದರೆ ನಮ್ಮ ಧರ್ಮಬುದ್ಧಿಯು ಏನಾಗುವುದು ಎಂಬುದು ಎರಡನೆಯದು. ಎರಡನೆಯದೇ ನನಗೆ ಹೆಚ್ಚು ಗುರುತರವಾಗಿ ಕಾಣುವುದು.

ಮೊದಲನೆಯದನ್ನು ಪರೀಕ್ಷಿಸಲು ಅಮೆರಿಕವು ಬಹಳ ಅನುಕೂಲವಾದ ದೇಶ. ಅಲ್ಲಿಯ ಅಧ್ಯಕ್ಷರ ಜನ್ಮದಿನಗಳು ದಾಖಲೆಯಲ್ಲಿರುವುವು, ಅವರ ಕೃತ್ಯಗಳೆಲ್ಲವೂ ಗ್ರಂಥಗ್ರಂಥಗಳಲ್ಲಿ ವಿಮರ್ಶೆಗೆ ಒಳಗಾಗಿರುವುವು. 1946ನೆಯ ಇಸವಿಯ ಒಂದೇ ಬೇಸಿಗೆಯಲ್ಲಿ ಆ ದೇಶದ ಮೂವರು ಅಧ್ಯಕ್ಷರು ಜನಿಸಿದರು: ಜೂನ್ 14ರಂದು ಡೊನಾಲ್ಡ್ ಟ್ರಂಪ್, ಜುಲೈ 6ರಂದು ಜಾರ್ಜ್ ಡಬ್ಲ್ಯೂ. ಬುಷ್, ಆಗಸ್ಟ್ 19ರಂದು ಬಿಲ್ ಕ್ಲಿಂಟನ್. ನಮ್ಮ ನಿರಯನ ಗಣನೆಯಂತೆ ಈ ಮೂವರಿಗೂ ಶನಿಯು ಕರ್ಕಾಟಕದಲ್ಲಿ, ರಾಹುವು ವೃಷಭದಲ್ಲಿ. ಮಂದಗತಿಯ ಗ್ರಹಗಳು ಮನುಷ್ಯನ ಅಧಿಕಾರವನ್ನೂ ಅಂತರಂಗವನ್ನೂ ರೂಪಿಸುವುವೆಂಬುದು ನಿಜವಾದರೆ ಈ ಮೂವರಲ್ಲಿ ಏನಾದರೊಂದು ಕುಲಸಾಮ್ಯವು ತೋರಬೇಕಾಗಿತ್ತು. ಕ್ಲಿಂಟನ್ ತಾನು ಹುಟ್ಟುವ ಮೊದಲೇ ತಂದೆಯನ್ನು ಕಳೆದುಕೊಂಡು, ತಾಯಿಯ ಮತ್ತು ಅಜ್ಜ ಅಜ್ಜಿಯರ ಆಶ್ರಯದಲ್ಲಿ ಬೆಳೆದು, ಎದುರಿಗಿದ್ದವನ ಮನಸ್ಸನ್ನು ಮಾತಿನಿಂದ ಗೆಲ್ಲುವ ವಿದ್ಯೆಯನ್ನು ಸಿದ್ಧಿಸಿಕೊಂಡವನು. ಬುಷ್ ಅಧ್ಯಕ್ಷನ ಮಗನಾಗಿ, ಸೆನೆಟರನ ಮೊಮ್ಮಗನಾಗಿ, ವಂಶದ ನೆರಳಿನಲ್ಲಿಯೇ ನಡೆದು, ಒಮ್ಮೆ ಮಾಡಿದ ನಿಶ್ಚಯದಿಂದ ಹಿಂಜರಿಯದೆ 2003ರಲ್ಲಿ ಇರಾಕಿನ ಯುದ್ಧಕ್ಕೆ ಇಳಿದವನು. ಟ್ರಂಪ್ ನ್ಯೂಯಾರ್ಕಿನಲ್ಲಿ ಮನೆ ಕಟ್ಟಿಸಿ ಮಾರುತ್ತಿದ್ದ ಧನಿಕನ ಮಗನಾಗಿ, ವಾದವಿವಾದಗಳನ್ನೇ ತನ್ನ ಬಲವನ್ನಾಗಿ ಮಾಡಿಕೊಂಡು, ಸೋತ ಪದವಿಯನ್ನು 2025ರಲ್ಲಿ ಮರಳಿ ಏರಿದವನು. ಇವರನ್ನು ಬೇರೆಬೇರೆಯಾಗಿ ಮಾಡಿದವು ಮನೆ, ತಾಯ್ತಂದೆಗಳು, ದುಡ್ಡು, ದುಃಖ ಮತ್ತು ಪ್ರತಿಯೊಬ್ಬನೂ ಸಂಧಿಕಾಲದಲ್ಲಿ ಮಾಡಿಕೊಂಡ ಆಯ್ಕೆಗಳು. ಇನ್ನು ಅಬ್ರಹಾಂ ಲಿಂಕನ್ ಮತ್ತು ಚಾರ್ಲ್ಸ್ ಡಾರ್ವಿನ್ ಇಬ್ಬರೂ 1809ರ ಫೆಬ್ರವರಿ 12ರಂದೇ ಹುಟ್ಟಿದರೆಂಬುದನ್ನು ಬಲ್ಲವರಿಗೆ ಹೆಚ್ಚಿಗೆ ಹೇಳಬೇಕಾಗಿಲ್ಲ.

ಲಗ್ನವು ಎರಡು ತಾಸಿಗೊಮ್ಮೆ ಬದಲಾಗುವುದು, ಚಂದ್ರನು ಎರಡೂಕಾಲು ದಿವಸಕ್ಕೊಮ್ಮೆ ರಾಶಿಯನ್ನು ದಾಟುವನು, ಆದುದರಿಂದ ಭೇದವುಂಟು ಎಂದು ಜೋಯಿಸರು ಉತ್ತರಿಸುವರು. ಆ ಉತ್ತರವು ಅವರ ಶಾಸ್ತ್ರಕ್ಕೆ ಸಮ್ಮತವಾದುದೇ. ಆದರೆ ಶಾಸ್ತ್ರದೊಳಗೇ ಒಂದು ದೊಡ್ಡ ಬಿರುಕು ಇರುವುದನ್ನು ಅವರು ಮರೆಯಬಾರದು. 1911ರ ಫೆಬ್ರವರಿ 6ರಂದು ಜನಿಸಿದ ರೊನಾಲ್ಡ್ ರೇಗನ್ ಅವರಿಗೆ ಪಾಶ್ಚಾತ್ಯರ ಸಾಯನ ಗಣನೆಯಂತೆ ಸೂರ್ಯನು ಕುಂಭದಲ್ಲಿ, ನಮ್ಮ ಪಂಚಾಂಗದಂತೆ ಮಕರದಲ್ಲಿ. ಕುಂಭವನ್ನು ನೋಡಿದವರು ಅವರಲ್ಲಿ ನವೀನತೆಯ ಪ್ರೇಮಿಯನ್ನು ಕಾಣುವರು. ಮಕರವನ್ನು ನೋಡಿದವರು ಪದವಿಯನ್ನು ಮೆಟ್ಟಿಲುಮೆಟ್ಟಿಲಾಗಿ ಏರುವ ಸಹನಶೀಲನನ್ನು ಕಾಣುವರು. ಇಬ್ಬರಿಗೂ ತಮ್ಮ ಮಾತಿಗೆ ಒಪ್ಪುವ ಪ್ರಸಂಗಗಳು ಆ ದೀರ್ಘ ಜೀವನದಲ್ಲಿ ದೊರೆಯದೆ ಇರಲಾರವು. ಇಂಥದೇ ಇನ್ನೊಂದು ವಾದವೂ ಅಮೆರಿಕದಲ್ಲಿ ಬಹುಕಾಲ ನಡೆಯಿತು. 1840ರಿಂದ 1960ರವರೆಗೆ ಇಪ್ಪತ್ತಿಪ್ಪತ್ತು ವರ್ಷಗಳ ಅಂತರದಲ್ಲಿ ಆಯ್ಕೆಯಾದ ಹ್ಯಾರಿಸನ್, ಲಿಂಕನ್, ಗಾರ್ಫೀಲ್ಡ್, ಮೆಕಿನ್ಲಿ, ಹಾರ್ಡಿಂಗ್, ರೂಸ್‌ವೆಲ್ಟ್, ಕೆನಡಿ ಈ ಏಳು ಮಂದಿಯೂ ಅಧಿಕಾರದಲ್ಲಿರುವಾಗಲೇ ಮರಣ ಹೊಂದಿದರು. ಗುರು ಶನಿಗಳ ಯುತಿಯು ಹೆಚ್ಚುಕಡಿಮೆ ಇಪ್ಪತ್ತು ವರ್ಷಗಳಿಗೊಮ್ಮೆ ಆಗುವುದರಿಂದ, ಸಾಯನ ಗಣನೆಯ ಪೃಥ್ವೀತತ್ತ್ವದ ರಾಶಿಗಳಲ್ಲಿಯ ಆ ಯುತಿಯೇ ಇದಕ್ಕೆ ಕಾರಣವೆಂದು ಅಲ್ಲಿಯ ಜ್ಯೋತಿಷಿಗಳು ಹೇಳಿದರು. 1980ರಲ್ಲಿ ಆಯ್ಕೆಯಾದ ರೇಗನ್ ಗುಂಡು ತಗಲಿಯೂ ಬದುಕಿದಾಗ, ಆ ಸಲದ ಯುತಿಯು ವಾಯುತತ್ತ್ವದ ತುಲೆಯಲ್ಲಿ ಆಯಿತೆಂಬ ಸಮಾಧಾನವು ಹುಟ್ಟಿತು. 2000ದಲ್ಲಿ ಯುತಿಯು ಮರಳಿ ಪೃಥ್ವೀತತ್ತ್ವದ ವೃಷಭದಲ್ಲಿಯೇ ಆಯಿತು. ಆ ವರ್ಷ ಆಯ್ಕೆಯಾದ ಬುಷ್ ಎಂಟು ವರ್ಷಗಳನ್ನು ಪೂರೈಸಿ ಮನೆಗೆ ಮರಳಿದರು. ಘಟನೆಯ ತರುವಾಯ ಕಾರಣವನ್ನು ಹೊಂದಿಸುವ ವಿದ್ಯೆಗೆ ಭವಿಷ್ಯವೆಂಬ ಹೆಸರು ಸಲ್ಲುವುದಿಲ್ಲ.

ಆದರೆ ಒಂದು ವಿದ್ಯೆಯು ಸತ್ಯವೋ ಮಿಥ್ಯೆಯೋ ಎಂಬುದಕ್ಕಿಂತ, ಅದನ್ನು ಆಳುವವನ ಕೈಯಲ್ಲಿ ಕೊಟ್ಟಾಗ ಏನಾಗುವುದೆಂಬುದು ನನ್ನನ್ನು ಹೆಚ್ಚು ಕಾಡುವುದು. 1981ರ ಮಾರ್ಚ್ 30ರಂದು ರೇಗನ್ ಅವರ ಮೇಲೆ ದಾಳಿ ನಡೆದ ತರುವಾಯ ಅವರ ಪತ್ನಿ ನ್ಯಾನ್ಸಿಯವರು ಸ್ಯಾನ್‌ಫ್ರಾನ್ಸಿಸ್ಕೋದ ಜೋನ್ ಕ್ವಿಗ್ಲಿ ಎಂಬ ಜ್ಯೋತಿಷಿಯ ಸಲಹೆಯನ್ನು ತಪ್ಪದೆ ಪಡೆಯತೊಡಗಿದರು. ಅಧ್ಯಕ್ಷರ ಪ್ರಯಾಣಗಳೂ ಭಾಷಣಗಳೂ ಆ ಸಲಹೆಗೆ ಅನುಸಾರವಾಗಿ ಹಿಂದುಮುಂದಾಗುತ್ತಿದ್ದುವೆಂದೂ, ಒಳ್ಳೆಯ ದಿನಗಳಿಗೆ ಹಸಿರು, ಕೆಟ್ಟವಕ್ಕೆ ಕೆಂಪು, ಸಂದಿಗ್ಧವಾದವಕ್ಕೆ ಹಳದಿ ಬಣ್ಣವನ್ನು ಹಚ್ಚಿದ ದಿನಸೂಚಿಯನ್ನು ತಾವು ಮೇಜಿನ ಮೇಲೆ ಇಟ್ಟುಕೊಳ್ಳಬೇಕಾಯಿತೆಂದೂ ಅವರ ಆಡಳಿತದ ಮುಖ್ಯಾಧಿಕಾರಿಯಾಗಿದ್ದ ಡೊನಾಲ್ಡ್ ರೀಗನ್ 1988ರಲ್ಲಿ ಪ್ರಕಟಿಸಿದ ಆತ್ಮಕಥನದಲ್ಲಿ ಬರೆದಾಗ ಲೋಕವೇ ಬೆರಗಾಯಿತು. ತಮ್ಮ ಯಾವ ರಾಜ್ಯನೀತಿಯ ಮೇಲೂ ಜ್ಯೋತಿಷದ ಪ್ರಭಾವವಿರಲಿಲ್ಲವೆಂದು ಅಧ್ಯಕ್ಷರು ನಿರಾಕರಿಸಿದರು. ಆದರೆ ಕ್ವಿಗ್ಲಿಯವರು 1990ರ ತಮ್ಮ ಗ್ರಂಥದಲ್ಲಿ, ಸೋವಿಯತ್ ನಾಯಕ ಗೋರ್ಬಚೇವರ ಕುಂಡಲಿಯನ್ನು ನೋಡಿ ಆತನ ಸ್ವಭಾವವನ್ನು ತಾವು ವಿವರಿಸಿದುದರಿಂದಲೇ ಅಧ್ಯಕ್ಷರ ಮನಸ್ಸು ಆತನ ಕಡೆಗೆ ಮೃದುವಾಯಿತೆಂದು ಹೇಳಿಕೊಂಡರು.

ಗಂಡನ ಪ್ರಾಣಕ್ಕೆ ಅಂಜಿದ ಆ ಹೆಣ್ಣುಮಗಳನ್ನು ನಾನು ನಿಂದಿಸಲಾರೆನು. ಅಂಥ ಭಯವು ಯಾವ ಮನೆಯಲ್ಲಿಯೂ ಸಹಜವಾದುದು. ಫಲವು ಒಳ್ಳೆಯದಾಯಿತಲ್ಲವೇ, 1987ರ ಡಿಸೆಂಬರಿನಲ್ಲಿ ಅಣ್ವಸ್ತ್ರಗಳನ್ನು ಕಡಿಮೆ ಮಾಡುವ ಒಪ್ಪಂದಕ್ಕೆ ರೇಗನ್ ಗೋರ್ಬಚೇವರಿಬ್ಬರೂ ಸಹಿ ಮಾಡಲಿಲ್ಲವೇ ಎಂದು ಕೇಳುವವರೂ ಉಂಟು. ಆದರೆ ಮಂತ್ರಿಯು ತಪ್ಪು ಸಲಹೆ ಕೊಟ್ಟರೆ ಸಭೆಯು ಅವನನ್ನು ಪ್ರಶ್ನಿಸಬಹುದು, ರಾಯಭಾರಿಯು ತಪ್ಪಿದರೆ ಅವನನ್ನು ಹಿಂದಕ್ಕೆ ಕರೆಯಬಹುದು. ಪ್ರಜೆಗಳು ಹೆಸರನ್ನೇ ಕೇಳದ, ಯಾವ ಸಭೆಗೂ ಉತ್ತರ ಕೊಡಬೇಕಾಗಿಲ್ಲದ ಒಬ್ಬ ವ್ಯಕ್ತಿಯು ಶತ್ರುದೇಶದ ನಾಯಕನ ಗುಣವನ್ನು ಆತನ ಜನ್ಮದಿನದಿಂದ ನಿರ್ಣಯಿಸಿ ಹೇಳಿದಾಗ, ಆ ನಿರ್ಣಯವನ್ನು ಅಳೆಯಲು ಯಾವ ಮಾನದಂಡವೂ ಪ್ರಜೆಗಳ ಕೈಯಲ್ಲಿ ಉಳಿಯುವುದಿಲ್ಲ. ಅದೇ ಬಾಯಿಯು ಗೋರ್ಬಚೇವನು ಕ್ರೂರಿಯೆಂದು ಹೇಳಿದ್ದರೆ ಅದನ್ನು ತಡೆಯುವವರು ಯಾರಿದ್ದರು?

ನಮ್ಮ ಪೂರ್ವಿಕರಿಗೆ ಈ ಅಪಾಯವು ತಿಳಿಯದ ವಿಷಯವಾಗಿರಲಿಲ್ಲ. ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ತಾಳೆಗರಿಯಿಂದ ಶೋಧಿಸಿ 1909ರಲ್ಲಿ ಅಚ್ಚು ಮಾಡಿಸಿದ ಅರ್ಥಶಾಸ್ತ್ರದಲ್ಲಿ ಕೌಟಿಲ್ಯನು ಅರಮನೆಯಲ್ಲಿ ಮೌಹೂರ್ತಿಕನಿಗೂ ವೇತನವನ್ನು ನಿಗದಿ ಮಾಡುವನು. ಆದರೂ ಅತಿಯಾಗಿ ನಕ್ಷತ್ರವನ್ನು ಕೇಳುವ ಅರಸನು ಬಾಲಿಶನೆಂದೂ ಅಂಥವನ ಕೈಯಿಂದ ಅರ್ಥವು ಜಾರಿಹೋಗುವುದೆಂದೂ ಕಟುವಾಗಿ ಎಚ್ಚರಿಸುವನು. ಯಾಜ್ಞವಲ್ಕ್ಯಸ್ಮೃತಿಯು ರಾಜಧರ್ಮವನ್ನು ಹೇಳುವ ಭಾಗದಲ್ಲಿಯೇ, ದೈವವು ಪುರುಷಪ್ರಯತ್ನವಿಲ್ಲದೆ ಫಲಿಸದೆಂಬ ವಿಚಾರವನ್ನು ಎತ್ತಿಕೊಂಡಿರುವುದು ಆಕಸ್ಮಿಕವಲ್ಲ. ಜ್ಯೋತಿಷಿಗಳಲ್ಲಿ ವಿವೇಕಿಗಳಾದವರೂ ಗ್ರಹಗಳು ಸೂಚಕಗಳೇ ಹೊರತು ಕಾರಕಗಳಲ್ಲವೆಂದು ಒಪ್ಪುವರು. ಕರ್ಮವೇ ಕರ್ತೃವೆಂದು ಹೇಳುವರು. ಹಾಗಾದರೆ ನಾಯಕನೊಬ್ಬನ ಕರ್ಮವು ನಮ್ಮ ಕಣ್ಣೆದುರಿಗೇ ನಡೆಯುತ್ತಿರುವಾಗ, ಕರ್ಮವನ್ನು ಬಿಟ್ಟು ಸೂಚಕವನ್ನು ನೋಡುವ ಅವಶ್ಯಕತೆಯಾದರೂ ಏನು? ಈ ಪ್ರಶ್ನೆಗೆ ಸಮರ್ಪಕವಾದ ಉತ್ತರವನ್ನು ನಾನು ಎಲ್ಲಿಯೂ ಕಂಡಿಲ್ಲ.

ನಮ್ಮ ಜಿಲ್ಲೆಯ ಇತಿಹಾಸದಲ್ಲಿಯೇ ನಕ್ಷತ್ರವಿದ್ಯೆಯನ್ನು ಬಲ್ಲ ಅರಸನೊಬ್ಬನಿದ್ದನು. 1558ರಿಂದ ವಿಜಯಪುರವನ್ನು ಆಳಿದ ಒಂದನೆಯ ಅಲಿ ಆದಿಲಶಾಹನ ಕಾಲದಲ್ಲಿ, 1570ರಲ್ಲಿ, ನುಜೂಮುಲ್ ಉಲೂಮ್ ಎಂಬ ಸಚಿತ್ರವಾದ ಮಹಾಗ್ರಂಥವು ಸಿದ್ಧವಾಯಿತು. ಅದರ ಕರ್ತೃವು ಸುಲ್ತಾನನೇ ಎಂದು ವಿದ್ವಾಂಸರು ತರ್ಕಿಸುವರು. ರಾಶಿಗಳು, ಗ್ರಹಗಳು, ಅವುಗಳ ಅಧಿದೇವತೆಗಳು, ಆನೆ ಕುದುರೆ ಆಯುಧಗಳ ಲಕ್ಷಣಗಳೆಲ್ಲವೂ ಅದರಲ್ಲಿ ಬಣ್ಣಬಣ್ಣವಾಗಿ ಮೂಡಿರುವುವು; ಇಂದು ಆ ಹಸ್ತಪ್ರತಿಯು ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿರುವುದು. ಮುದ್ದೇಬಿಹಾಳ ಸೀಮೆಯ ರಕ್ಕಸಗಿ ತಂಗಡಗಿಗಳ ಹೆಸರಿನಿಂದ ನಮ್ಮ ಜನರು ಕರೆಯುವ 1565ರ ಯುದ್ಧದಲ್ಲಿ ಜಯಶಾಲಿಗಳಾದವರಲ್ಲಿ ಈತನೂ ಒಬ್ಬನು. ಅಂಥ ಅರಸನು 1580ರಲ್ಲಿ ತನ್ನ ಅರಮನೆಯೊಳಗೇ ಸೇವಕನೊಬ್ಬನ ಕೈಯಿಂದ ಹತನಾದನು. ಆಕಾಶದ ಅಂಶ ಅಂಶವನ್ನೂ ಅರಿತವನಿಗೆ ತನ್ನ ಪಕ್ಕದಲ್ಲಿ ನಿಂತ ಮನುಷ್ಯನ ಮನಸ್ಸು ತಿಳಿಯದೆ ಹೋಯಿತು.

ಈಗ ಬಸವಣ್ಣನವರ ಬಾಗೇವಾಡಿಯ ಮಾತಿಗೆ ಬರುವೆನು. ನಾನು ಹೇಳಬೇಕಾದುದರ ತಿರುಳು ಅಲ್ಲಿಯೇ ಇರುವುದು. ಬಸವಣ್ಣನವರು ಕವಿಗಳೂ ಭಕ್ತರೂ ಆಗಿದ್ದಂತೆಯೇ ಕಲ್ಯಾಣದ ಅರಸ ಬಿಜ್ಜಳನ ಭಂಡಾರದ ಅಧಿಕಾರಿಗಳೂ ಆಗಿದ್ದರೆಂಬುದನ್ನು, ಅಂದರೆ ಅವರು ರಾಜಕಾರಣದ ನಡುಮಧ್ಯದಲ್ಲಿ ಬಾಳಿದ ನಾಯಕರೆಂಬುದನ್ನು ನಾವು ಪೂಜೆಯ ಭರದಲ್ಲಿ ಮರೆಯುವೆವು. ಅವರು ಜನಿಸಿದ ವರ್ಷವು ಇಂದಿಗೂ ನಿಶ್ಚಿತವಾಗಿಲ್ಲ. 1105 ಎಂದು ಕೆಲವರು, 1131 ಎಂದೂ 1134 ಎಂದೂ ಇನ್ನು ಕೆಲವರು ವಾದಿಸುವರು. ವೈಶಾಖದ ಅಕ್ಷಯ ತೃತೀಯೆಯಂದು ಜಯಂತಿಯನ್ನು ಆಚರಿಸುವುದು ಪರಂಪರೆಯಿಂದ ಬಂದ ರೂಢಿ. ಅವರ ಲಗ್ನವನ್ನು ಬಲ್ಲವರಿಲ್ಲ, ದಶೆಯನ್ನು ಹೇಳಬಲ್ಲವರಿಲ್ಲ. ಆದರೂ ಅವರ ಶೀಲವು ನಮಗೆ ತಿಳಿದಷ್ಟು ಸ್ಪಷ್ಟವಾಗಿ ಮತ್ತಾವ ಪ್ರಾಚೀನ ರಾಜಪುರುಷನ ಶೀಲವೂ ತಿಳಿದಿಲ್ಲ. ಅವರು ಯಾರೊಡನೆ ಉಂಡರು, ಯಾರನ್ನು ಅಪ್ಪ ಎಂದು ಕರೆದರು, ಅರಸನೆದುರಿಗೆ ಹೇಗೆ ನಿಂತರು ಎಂಬುದೆಲ್ಲವೂ ಅವರ ಮಾತುಗಳಲ್ಲಿಯೇ ಉಳಿದಿರುವುದು. ಆ ಮಾತುಗಳನ್ನು ಓಲೆಗರಿಗಳ ಕಟ್ಟುಗಳಿಂದ ಬಿಡಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದ ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿಯೇ ವಕೀಲರಾಗಿದ್ದರೆಂಬುದು ನಮ್ಮ ಭಾಗ್ಯ.

ಲಗ್ನ, ರಾಶಿಕೂಟ, ತಾರಾಬಲ ಚಂದ್ರಬಲಗಳನ್ನು ವಿಚಾರಿಸುವ ಭಕ್ತರಿಗೆ ಎಲ್ಲವೂ ಶುಭವೇ ಇರುವುದೆಂದು ಹೇಳಿಬಿಡಿ, ನಾಳೆಗಿಂತ ಇಂದೇ ಒಳ್ಳೆಯದೆನ್ನಿ ಎಂಬ ಅಭಿಪ್ರಾಯದ ವಚನವೊಂದು ಬಸವಣ್ಣನವರದುಂಟು. ಇದನ್ನು ಹಸೆಯ ಮೇಲೆ ಕುಳಿತ ವಧೂವರರಿಗೆ ಹೇಳಿದ ಸಮಾಧಾನದ ಮಾತೆಂದು ಮಾತ್ರ ಓದುವವರು ಕಲ್ಯಾಣದಲ್ಲಿ ಮುಂದೆ ನಡೆದುದನ್ನು ನೆನೆಯಬೇಕು. ಬ್ರಾಹ್ಮಣ ಮಧುವರಸರ ಮಗಳಿಗೂ ಸಮಗಾರ ಹರಳಯ್ಯನವರ ಮಗನಿಗೂ ಮದುವೆಯಾಯಿತೆಂದೂ, ಅದಕ್ಕಾಗಿ ಆ ಇಬ್ಬರು ತಂದೆಗಳೂ ಅರಸನ ಆಜ್ಞೆಯಿಂದ ಕ್ರೂರವಾಗಿ ವಧೆಗೊಂಡರೆಂದೂ, ಕಲ್ಯಾಣವು ಕ್ಷೋಭೆಗೊಂಡು ಶರಣರು ಚದುರಿದರೆಂದೂ ಪರಂಪರೆಯು ಹೇಳುವುದು. ಫಲವನ್ನು ನೋಡಿ ಮುಹೂರ್ತವನ್ನು ಅಳೆಯುವುದಾದರೆ ಅದಕ್ಕಿಂತ ಅಶುಭವಾದ ಲಗ್ನವು ಕನ್ನಡ ನಾಡಿನಲ್ಲಿ ಎಂದೂ ಕೂಡಿಬರಲಿಲ್ಲವೆಂದು ಹೇಳಬೇಕಾದೀತು. ಯಾವ ಜೋಯಿಸನಾದರೂ ಅದನ್ನು ತಡೆಯುತ್ತಿದ್ದನು, ಅವನ ಗಣಿತವು ಸರಿಯಾಗಿಯೂ ಇರುತ್ತಿದ್ದಿತು. ಆದರೂ ಎಂಟುನೂರೈವತ್ತು ವರ್ಷಗಳ ತರುವಾಯ ನಾವು ಗೌರವಿಸುವುದು ಆ ಮದುವೆಯನ್ನು ಮಾಡಿದವರನ್ನೇ ಹೊರತು ತಡೆಯಬಯಸಿದವರನ್ನಲ್ಲ. ಸುಖಾಂತವೇ ಶುಭವೆಂದು ಎಣಿಸುವ ವಿದ್ಯೆಗೆ ಧರ್ಮಸಂಕಟದ ಘಳಿಗೆಯಲ್ಲಿ ನಾಯಕನಿಗೆ ಹೇಳಲು ಏನೂ ಇಲ್ಲ. ಸರಿಯಾದುದನ್ನು ಮಾಡಿ ಪದವಿಯನ್ನು ಕಳೆದುಕೊಳ್ಳುವ ಯೋಗವನ್ನು ರಾಜಯೋಗವೆಂದು ಯಾವ ಹೊತ್ತಿಗೆಯೂ ಕರೆಯಲಾರದು. ಬಸವಣ್ಣನವರ ದೊಡ್ಡತನವಾದರೋ ಅಲ್ಲಿಯೇ ಇರುವುದು.

ಅಂಥವರು ಹುಟ್ಟಿದ ನಾಡಿನಲ್ಲಿ, ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿಯು ಅಧಿಕಾರವನ್ನು ಕಳೆದುಕೊಳ್ಳುವನೆಂಬ ಭಯದಿಂದ ಒಂದು ಊರಿನ ಜನರು ವರ್ಷಾನುಗಟ್ಟಲೆ ತಮ್ಮ ಮುಖ್ಯಮಂತ್ರಿಗಳನ್ನು ಕಾಣದೆ ಇರಬೇಕಾಯಿತು. ಅದು ಜಿಲ್ಲೆಯಾದಾಗಲೂ ಉದ್ಘಾಟನೆಯು ಮಲೆಮಹದೇಶ್ವರ ಬೆಟ್ಟದಲ್ಲಿ ನಡೆಯಿತು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆ ಊರಿಗೆ ಅನೇಕ ಸಲ ಹೋಗಿಬಂದು 2013ರಿಂದ 2018ರವರೆಗಿನ ಐದು ವರ್ಷಗಳನ್ನು ಪೂರ್ಣಗೊಳಿಸಿದರು. ಈ ವಿಷಯದಲ್ಲಿ ಇಷ್ಟೇ ಸಾಕು.

ನಮ್ಮ ರೈತರ ನಂಬಿಕೆಗಳನ್ನು ಇದರೊಡನೆ ಕೂಡಿಸಿ ಹಳಿಯುವುದು ನನ್ನ ಉದ್ದೇಶವಲ್ಲ. ಯುಗಾದಿಯಂದು ಪಂಚಾಂಗವನ್ನು ಕೇಳುವವರು, ಕಾರಹುಣ್ಣಿಮೆಯಂದು ಕರಿ ಹರಿಯುವಾಗ ಯಾವ ಬಣ್ಣದ ಎತ್ತು ಮುಂದೆ ಬಂದಿತೆಂಬುದರಿಂದ ಮುಂಗಾರಿ ಹಿಂಗಾರಿಗಳ ಬೆಳೆಯನ್ನು ಊಹಿಸುವವರು, ಮಳೆಯ ನಕ್ಷತ್ರಗಳ ಹೆಸರನ್ನು ಹೇಳಿಯೇ ಜೋಳವನ್ನು ಬಿತ್ತುವವರು ತಮ್ಮ ಹೊಲದ ಹೊಣೆಯನ್ನು ತಾವೇ ಹೊತ್ತಿರುವರು. ಊಹೆಯು ತಪ್ಪಿದರೆ ನಷ್ಟವು ಅವರದೇ. ಪರರ ಹೊಲ, ಪರರ ನೀರು, ಪರರ ಮಕ್ಕಳ ಭವಿಷ್ಯಗಳನ್ನು ಕೈಯಲ್ಲಿ ಹಿಡಿದವನಿಗೆ ಆ ಸ್ವಾತಂತ್ರ್ಯವಿಲ್ಲ.

ಬಾಗೇವಾಡಿ ಸೀಮೆಯ ಆಲಮಟ್ಟಿಯಲ್ಲಿ ಕೃಷ್ಣೆಯ ಅಣೆಕಟ್ಟಿಗೆ ಲಾಲಬಹಾದ್ದೂರ ಶಾಸ್ತ್ರಿಗಳು 1964ರ ಮೇ 22ರಂದು ಅಡಿಗಲ್ಲನ್ನಿಟ್ಟರು. ಮೂರು ವಾರಗಳು ತುಂಬುವ ಮೊದಲೇ ಅವರು ದೇಶದ ಪ್ರಧಾನಿಗಳಾದರು. ಅವರ ಪಾಲಿಗೆ ಆ ಘಳಿಗೆಯು ಶುಭವೆಂದು ಹೇಳುವವರು ಹೇಳಲಿ. ಅಣೆಕಟ್ಟು ಲೋಕಾರ್ಪಣೆಯಾದುದು ಮಾತ್ರ 2006ರಲ್ಲಿ. ಹಣದ ಕೊರತೆ, ಮೂರು ರಾಜ್ಯಗಳ ವ್ಯಾಜ್ಯ, ಮುಳುಗಿದ ಊರುಗಳ ಪುನರ್ವಸತಿ, ಆಳುವವರ ಆಸ್ಥೆ ಅನಾಸ್ಥೆಗಳು ಆ ನಲವತ್ತೆರಡು ವರ್ಷಗಳಿಗೆ ಕಾರಣವಾದವೇ ಹೊರತು ಯಾವ ಗ್ರಹವೂ ಅಲ್ಲ. ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಾಧಿಕರಣವು 2010ರಲ್ಲಿ ಸಮ್ಮತಿಸಿದ್ದರೂ ಅದು 519.60 ಮೀಟರಿನಲ್ಲಿಯೇ ನಿಂತಿರುವುದು. ಆದುದರಿಂದ ಈ ನಾಲ್ಕು ತಾಲ್ಲೂಕುಗಳ ಮತದಾರರಲ್ಲಿ ನನ್ನ ಬಿನ್ನಹವಿಷ್ಟೇ: ಮುಂದಿನ ಸಲ ಅಭ್ಯರ್ಥಿಯು ನಿಮ್ಮ ಕಟ್ಟೆಗೆ ಬಂದಾಗ ಆತನ ರಾಶಿಯನ್ನು ಕೇಳಬೇಡಿರಿ, ಇಂಡಿಯ ಕಾಲುವೆಯ ಕೊನೆಯ ಹೊಲಕ್ಕೆ ನೀರು ಎಂದು ಮುಟ್ಟುವುದು, ಭೂಮಿಯನ್ನು ಕಳೆದುಕೊಂಡವರಿಗೆ ಪರಿಹಾರವು ಎಷ್ಟು ಸಂದಿತು, ಹಿಂದಿನ ಐದು ವರ್ಷಗಳಲ್ಲಿ ಆತನು ಸಭೆಯಲ್ಲಿ ಎದ್ದು ನಿಂತು ಏನನ್ನು ನುಡಿದನು ಎಂಬುದನ್ನು ಕೇಳಿರಿ, ಉತ್ತರವು ಬರುವವರೆಗೂ ಆತನನ್ನು ಕಟ್ಟೆಯಿಂದ ಏಳಗೊಡಬೇಡಿರಿ.